ಮೌನ ಯಾರದು? ಡೇಟಾಬೇಸ್ ಸಂಪರ್ಕದೋಷಗಳ ನಿದಾನದಲ್ಲಿ ‘ಟೈಮ್‌ಔಟ್’ ಎಂಬ ಸಾಕ್ಷ್ಯ

ಡೇಟಾಬೇಸ್ ಸರ್ವರ್ ಕೈಗೆ ಸಿಗದಾಗ ಏನು ನೋಡಬೇಕೆಂಬುದಕ್ಕೆ ಕಂಪ್ಯೂಟರ್ ವೃತ್ತಿಯಲ್ಲಿ ಒಂದು ಸೂತ್ರ ಬಾಯಿಂದ ಬಾಯಿಗೆ ಸಾಗಿಬಂದಿದೆ. ‘ಕನೆಕ್ಷನ್ ರಿಫ್ಯೂಸ್ಡ್’ ಎಂಬ ಉತ್ತರ ಕೂಡಲೇ ಬಂದರೆ ಯಂತ್ರ ಸರಿಯಿದೆ, ಅದರ ಮೇಲಿನ ಡೇಟಾಬೇಸ್ ಓಡುತ್ತಿಲ್ಲ. ಉತ್ತರವೇ ಬಾರದೆ ‘ಟೈಮ್‌ಔಟ್’ ಆದರೆ ನಡುವೆ ಯಾವುದೋ ಫೈರ್‌ವಾಲ್ ಪ್ಯಾಕೆಟ್ಟನ್ನು ನುಂಗುತ್ತಿದೆ. ಮೊದಲನೆಯದಾದರೆ ಡಿಬಿಎಗೆ ಫೋನು, ಎರಡನೆಯದಾದರೆ ನೆಟ್‌ವರ್ಕ್ ತಂಡಕ್ಕೆ ಟಿಕೆಟ್ಟು. ಲಿನಕ್ಸ್‌ನಲ್ಲಿ ಮೈಎಸ್‌ಕ್ಯುಎಲ್ ಬಳಸುವವರು ಇದನ್ನು ಎರಡು ಅಂಕಿಗಳಾಗಿಯೇ ನೆನಪಿಟ್ಟಿರುತ್ತಾರೆ: ದೋಷಸಂಖ್ಯೆ 2003ರ ಪಕ್ಕದಲ್ಲಿ ಆವರಣದೊಳಗೆ 111 ಇದ್ದರೆ ನಿರಾಕರಣೆ, 110 ಇದ್ದರೆ ಮೌನ. ಸೂತ್ರದ ಎರಡನೇ ಅರ್ಧ, ಅಂದರೆ ಮೌನವೆಲ್ಲ ನೆಟ್‌ವರ್ಕಿನದು ಎಂಬ ಭಾಗ, ನಂಬಲು ಯೋಗ್ಯವಲ್ಲ ಎಂಬುದು ಈ ಲೇಖನದ ವಾದ. ಆ ನಂಬಿಕೆಗೆ ನೆಲೆ ಒದಗಿಸಿದ್ದು ಬಹಳ ಗೌರವಾನ್ವಿತವಾದ ಒಂದು ಸಮರ್ಥನೆ. ಅದನ್ನೂ ಇಲ್ಲಿ ಮರುಪರಿಶೀಲಿಸಲಾಗಿದೆ.

ಹಿನ್ನೆಲೆಯ ಸಾಹಿತ್ಯದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಜಾನ್ ಪೋಸ್ಟೆಲ್ ಸಂಪಾದಿಸಿದ 1981ರ ಆರ್‌ಎಫ್‌ಸಿ 793, ಇಲ್ಲದ ಸಂಪರ್ಕಕ್ಕೆ ಬಂದ ಪ್ಯಾಕೆಟ್ಟಿಗೆ ‘ರೀಸೆಟ್’ ಕಳಿಸಬೇಕೆಂದು ವಿಧಿಸಿತು. ಅದರ ಜಾಗಕ್ಕೆ ಬಂದ 2022ರ ಆರ್‌ಎಫ್‌ಸಿ 9293 ಈ ವಿಷಯದಲ್ಲಿ ಏನನ್ನೂ ಬದಲಿಸಲಿಲ್ಲ. ಜಿಮ್ ಗ್ರೇ 1985ರಲ್ಲಿ ಟ್ಯಾಂಡೆಮ್ ಯಂತ್ರಗಳ ನಿಲುಗಡೆಯ ಬಗ್ಗೆ ಬರೆದ ವರದಿ, ಬಳಕೆಯಲ್ಲಿರುವ ತಂತ್ರಾಂಶದ ದೋಷಗಳಲ್ಲಿ ಹೆಚ್ಚಿನವು ಮತ್ತೊಮ್ಮೆ ಪ್ರಯತ್ನಿಸಿದರೆ ಮಾಯವಾಗುವಂಥವು ಎಂದು ಊಹಿಸಿತು. ಇಂದಿನ ಕನೆಕ್ಷನ್ ಪೂಲ್‌ಗಳ ‘ರಿಟ್ರೈ’ಗೆ ಹಿಂದೆ ನಿಂತಿರುವುದು ಆ ವಿಶ್ವಾಸವೇ. ಮರುಪ್ರಯತ್ನವೇ ಹೊರೆಯಾಗಿ, ಮೂಲಕಾರಣ ತೊಲಗಿದ ಮೇಲೂ ವ್ಯವಸ್ಥೆ ಮೇಲೇಳದೆ ಉಳಿಯಬಲ್ಲದೆಂದು ಬ್ರಾನ್ಸನ್ ಮತ್ತು ಸಂಗಡಿಗರು 2021ರಲ್ಲಿ ತೋರಿಸಿದರು. ಇವುಗಳಲ್ಲಿ ಯಾವುದರ ಬಗ್ಗೆಯೂ ಇಲ್ಲಿ ತಕರಾರಿಲ್ಲ.

ತಕರಾರಿರುವುದು ಡಬ್ಲ್ಯು. ರಿಚರ್ಡ್ ಸ್ಟೀವನ್ಸ್ ಅವರೊಂದಿಗೆ. ಸರ್ವರ್ ಪ್ರೋಗ್ರಾಂ ಒಂದು ಪೋರ್ಟನ್ನು ತೆರೆದ ಮೇಲೆ, ಬಂದವರೊಡನೆ ಟಿಸಿಪಿ ಹ್ಯಾಂಡ್‌ಶೇಕ್ ಮುಗಿಸುವುದು ಆ ಪ್ರೋಗ್ರಾಮಲ್ಲ, ಕರ್ನೆಲ್. ಮುಗಿದ ಸಂಪರ್ಕಗಳನ್ನು ಕರ್ನೆಲ್ ಒಂದು ಸರತಿಯಲ್ಲಿ ನಿಲ್ಲಿಸುತ್ತದೆ. ಪ್ರೋಗ್ರಾಂ ‘ಆಕ್ಸೆಪ್ಟ್’ ಎಂದಾಗಲೆಲ್ಲ ಒಂದೊಂದನ್ನು ಒಪ್ಪಿಸುತ್ತದೆ. ಡಾಕ್ಟರು ಒಳಗಿಲ್ಲದಿದ್ದರೂ ಹೊರಗಿನ ಕಾಂಪೌಂಡರು ಚೀಟಿ ಬರೆದುಕೊಡುತ್ತಲೇ ಇರುವಂತೆ. ಈ ಸರತಿ ತುಂಬಿದಾಗ ಹೊಸದಾಗಿ ಬಂದ ಸಿನ್ ಪ್ಯಾಕೆಟ್ಟಿಗೆ ಏನು ಮಾಡಬೇಕು? ಬರ್ಕ್ಲಿ ಪರಂಪರೆಯ ಉತ್ತರ, ಸುಮ್ಮನಿರಬೇಕು ಎಂಬುದು. 1994ರ ‘ಟಿಸಿಪಿ/ಐಪಿ ಇಲಸ್ಟ್ರೇಟೆಡ್’ ಮೊದಲ ಸಂಪುಟದಲ್ಲೂ, ‘ಯುನಿಕ್ಸ್ ನೆಟ್‌ವರ್ಕ್ ಪ್ರೋಗ್ರಾಮಿಂಗ್’ನ 1998ರ ಆವೃತ್ತಿಯಲ್ಲೂ ಸ್ಟೀವನ್ಸ್ ಇದನ್ನು ಎತ್ತಿಹಿಡಿದರು. ಅವರ ತರ್ಕ ಸ್ಥೂಲವಾಗಿ ಹೀಗೆ: ಸರತಿ ತುಂಬಿರುವುದು ತಾತ್ಕಾಲಿಕ ಸ್ಥಿತಿ, ಕ್ಲೈಂಟ್ ತಾನಾಗಿಯೇ ಸಿನ್ ಮತ್ತೆ ಕಳಿಸುತ್ತದೆ, ಅಷ್ಟರಲ್ಲಿ ಜಾಗ ಸಿಗಬಹುದು. ರೀಸೆಟ್ ಕಳಿಸಿಬಿಟ್ಟರೆ ಪೋರ್ಟಿನಲ್ಲಿ ಸರ್ವರೇ ಇಲ್ಲವೋ, ಸರ್ವರ್ ಇದ್ದು ಸರತಿ ತುಂಬಿದೆಯೋ ಎಂದು ಕ್ಲೈಂಟಿಗೆ ತಿಳಿಯದೆ ಹೋಗುತ್ತದೆ.

ತರ್ಕದ ಮೊದಲ ಅರ್ಧವನ್ನು, ಅಂದರೆ ಸ್ಥಿತಿ ತಾತ್ಕಾಲಿಕ ಎಂಬುದನ್ನು, ನಾನು ಒಪ್ಪುತ್ತೇನೆ. ಎರಡನೆಯ ಅರ್ಧದಲ್ಲಿ ಗೊಂದಲ ನಿವಾರಣೆಯಾಗಲಿಲ್ಲ, ಜಾಗ ಬದಲಿಸಿತು ಅಷ್ಟೆ. ರೀಸೆಟ್‌ಗೆ ಎರಡು ಅರ್ಥ ಬರಬಾರದೆಂದು ಮೌನಕ್ಕೆ ಎರಡು ಅರ್ಥ ಕೊಟ್ಟಂತಾಯಿತು: ದಾರಿಯಲ್ಲಿ ಪ್ಯಾಕೆಟ್ ಕಳೆದುಹೋಗಿದೆ ಎಂಬುದು ಒಂದು, ಸರ್ವರ್ ಉಸಿರುಗಟ್ಟಿದೆ ಎಂಬುದು ಇನ್ನೊಂದು. ದಾರಿಯಲ್ಲಿ ಪ್ಯಾಕೆಟ್ ಕಳೆಯುವುದು ಅಪಘಾತವಾಗಿದ್ದಷ್ಟು ಕಾಲ ಇದು ಅಷ್ಟಾಗಿ ತೊಡಕಾಗಲಿಕ್ಕಿಲ್ಲ. ಇಂದು ಅಮೆಜಾನ್ ಕ್ಲೌಡಿನ ಸೆಕ್ಯುರಿಟಿ ಗ್ರೂಪ್‌ಗಳು ಅನುಮತಿಯಿಲ್ಲದ ಪ್ಯಾಕೆಟ್ಟನ್ನು ಸದ್ದಿಲ್ಲದೆ ಬೀಳಿಸುತ್ತವೆ. ಮೌನವೇ ಅಲ್ಲಿನ ನಿಯಮ. ಹೀಗಾಗಿ 110 ಕಂಡವನು ಮೊದಲು ಫೈರ್‌ವಾಲನ್ನು ಅನುಮಾನಿಸುವುದು ಸಹಜವೇ, ಆದರೆ ಆ ಅನುಮಾನ ಪುರಾವೆಯಲ್ಲ.

ಇದನ್ನು ಪರೀಕ್ಷಿಸಲು ಯಾರು ಬೇಕಾದರೂ ಮಾಡಿನೋಡಬಹುದಾದ ಪ್ರಯೋಗವೊಂದಿದೆ. ಲಿನಕ್ಸ್ ಯಂತ್ರದಲ್ಲಿ ಮೈಎಸ್‌ಕ್ಯುಎಲ್ ಸರ್ವರನ್ನು ‘ಬ್ಯಾಕ್‌ಲಾಗ್’ 5 ಎಂದಿಟ್ಟು ಶುರುಮಾಡಿ, ಅದರ ಪ್ರೊಸೆಸ್ಸಿಗೆ ‘ಸ್ಟಾಪ್’ ಸಿಗ್ನಲ್ ಕಳಿಸಬೇಕು. ಸರ್ವರ್ ಸತ್ತಿಲ್ಲ, ಪ್ರಜ್ಞೆ ತಪ್ಪಿದೆ. ಈಗ ಇನ್ನೊಂದು ಯಂತ್ರದಿಂದ 3306ನೇ ಪೋರ್ಟಿಗೆ ಟೆಲ್‌ನೆಟ್ ಮಾಡಿದರೆ ಅದು ‘ಕನೆಕ್ಟೆಡ್’ ಎನ್ನುತ್ತದೆ! ಮೈಎಸ್‌ಕ್ಯುಎಲ್ ಕ್ಲೈಂಟ್ ಕೂಡ ಹ್ಯಾಂಡ್‌ಶೇಕ್ ದಾಟಿ, ಸರ್ವರಿನಿಂದ ಬರಬೇಕಾದ ಮೊದಲ ಪ್ಯಾಕೆಟ್ಟಿಗೆ ಬಾಯಿಬಿಟ್ಟು ಕಾಯುತ್ತದೆ. ಈ ಪ್ರೋಟೊಕಾಲ್‌ನಲ್ಲಿ ಮೊದಲು ಮಾತಾಡಬೇಕಾದದ್ದು ಸರ್ವರ್ ತಾನೆ. ಲಿನಕ್ಸ್ ಲೆಕ್ಕದಲ್ಲಿ ಸರತಿಗೆ ಹೇಳಿದ್ದಕ್ಕಿಂತ ಒಂದು ಹೆಚ್ಚು ಹಿಡಿಸುವುದರಿಂದ ಹೀಗೆ ಆರು ಸಂಪರ್ಕಗಳು ಕೂರುತ್ತವೆ. ಏಳನೆಯದು ಸಿನ್ ಕಳಿಸಿ ಮೌನದ ಮುಂದೆ ನಿಲ್ಲುತ್ತದೆ. (ಹಳೆಯ ಕರ್ನೆಲ್‌ಗಳಲ್ಲಿ ಒಂದೆರಡು ಸಂಪರ್ಕ ಅರೆಬರೆ ಒಳಬರುವುದುಂಟು; ಆಗ ಸ್ಥಾಪನೆಯಾಯಿತೆಂದು ಕ್ಲೈಂಟ್ ನಂಬಿರುತ್ತದೆ, ಸರ್ವರ್ ಕಡೆ ಆಗಿರುವುದಿಲ್ಲ.) ಸರ್ವರ್ ಯಂತ್ರದಲ್ಲಿ ‘ಎಸ್‌ಎಸ್’ ಆದೇಶ ಕೊಟ್ಟು ಕೇಳುತ್ತಿರುವ ಸಾಕೆಟ್ಟಿನ ಸಾಲನ್ನು ನೋಡಿದರೆ, ಒಳಸರತಿಯ ಕಂಬಸಾಲಿನಲ್ಲಿ 6, ಹೊರಸರತಿಯ ಕಂಬಸಾಲಿನಲ್ಲಿ 5 ಕಾಣುತ್ತದೆ. ಮೊದಲನೆಯದು ಈಗ ಕಾಯುತ್ತಿರುವವರ ಸಂಖ್ಯೆ, ಎರಡನೆಯದು ಮಿತಿ. ನಡುವೆ ಒಂದೂ ಫೈರ್‌ವಾಲ್ ಇಲ್ಲ. ಆದರೂ ಏಳನೆಯವನಿಗೆ ಸಿಕ್ಕಿದ್ದು ಫೈರ್‌ವಾಲಿನ ಲಕ್ಷಣವೇ.

ಪ್ರಯೋಗದಿಂದ ಇನ್ನೊಂದು ಮಾತೂ ಹೊರಬೀಳುತ್ತದೆ. ಪೋರ್ಟ್ ತೆರೆದಿದೆಯೇ ಎಂದು ನೋಡುವ ತಪಾಸಣೆ ಕರ್ನೆಲ್ಲಿನ ಆರೋಗ್ಯವನ್ನು ಹೇಳುತ್ತದೆ, ಡೇಟಾಬೇಸಿನದನ್ನಲ್ಲ. ಲೋಡ್ ಬ್ಯಾಲೆನ್ಸರುಗಳು ಕೆಲವು ಸೆಕೆಂಡಿಗೊಮ್ಮೆ ಹೀಗೆ ಪೋರ್ಟ್ ತಟ್ಟಿ ಓಡಿಹೋಗುವ ಪದ್ಧತಿ ನಿರುಪಯುಕ್ತವಷ್ಟೇ ಅಲ್ಲ, ಅಪಾಯಕಾರಿ ಕೂಡ. ಮೈಎಸ್‌ಕ್ಯುಎಲ್ ಅರ್ಧಕ್ಕೆ ಮುರಿದ ಹ್ಯಾಂಡ್‌ಶೇಕ್‌ಗಳನ್ನು ಲೆಕ್ಕವಿಡುತ್ತದೆ. ಒಂದೇ ವಿಳಾಸದಿಂದ, ನಡುವೆ ಒಂದೂ ಯಶಸ್ವಿಯಾಗದೆ, ಅವು 100ರ ಮಿತಿ ದಾಟಿದರೆ 1129 ಎಂಬ ಸಂಖ್ಯೆಯೊಡನೆ ಆ ವಿಳಾಸವನ್ನೇ ಬಹಿಷ್ಕರಿಸುತ್ತದೆ. ಆರೋಗ್ಯ ತಪಾಸಣೆಯೇ ರೋಗ ತಂದ ಪ್ರಸಂಗ ಇದು.

ಹಾಗಾದರೆ ಕ್ಲೈಂಟ್ ಬದಿಯಲ್ಲಿ ನಿಂತು ಎರಡು ಮೌನಗಳನ್ನು ಬೇರ್ಪಡಿಸಬಹುದೇ? ಬಹುಮಟ್ಟಿಗೆ ಬೇರ್ಪಡಿಸಬಹುದು, ಅದೂ ವಿಫಲವಾದ ಸಂಪರ್ಕಗಳನ್ನು ನೋಡಿ ಅಲ್ಲ, ತಡವಾಗಿ ಯಶಸ್ವಿಯಾದವುಗಳನ್ನು ನೋಡಿ ಎಂಬುದು ನನ್ನ ಪ್ರಮೇಯ. ಲಿನಕ್ಸ್‌ನಲ್ಲಿ ಉತ್ತರ ಬಾರದ ಸಿನ್ ಮೊದಲು 1 ಸೆಕೆಂಡಿನ ಬಳಿಕ ಮರಳಿ ಹೋಗುತ್ತದೆ. ಅಂತರ ಪ್ರತಿಸಲ ಇಮ್ಮಡಿಯಾಗುತ್ತದೆ. ಅಂದರೆ ಮರುಪ್ರಯತ್ನಗಳು ಆರಂಭದಿಂದ 1, 3, 7, 15, 31 ಮತ್ತು 63ನೇ ಸೆಕೆಂಡುಗಳಲ್ಲಿ ಬೀಳುತ್ತವೆ. 127ನೇ ಸೆಕೆಂಡಿನಲ್ಲಿ ಕರ್ನೆಲ್ ಕೈಚೆಲ್ಲುತ್ತದೆ. ಒಂದು ಫೈರ್‌ವಾಲ್ ನಿಯಮ ಪ್ಯಾಕೆಟ್ಟನ್ನು ಬೀಳಿಸುತ್ತಿದ್ದರೆ ಮೊದಲನೆಯದನ್ನೂ ಬೀಳಿಸುತ್ತದೆ, ಐದನೆಯದನ್ನೂ ಬೀಳಿಸುತ್ತದೆ. ಅಲ್ಲಿ ತಡವಾದ ಯಶಸ್ಸು ಎಂಬುದೇ ಇಲ್ಲ. ತುಂಬಿದ ಸರತಿ ಹಾಗಲ್ಲ: ಮೈಎಸ್‌ಕ್ಯುಎಲ್ ಒಂದು ಕ್ಷಣ ಉಸಿರೆಳೆದುಕೊಂಡರೆ ಜಾಗ ಬಿಡುಗಡೆಯಾಗಿ, ಎರಡನೇ ಅಥವಾ ಮೂರನೇ ಸಿನ್ ಒಳಗೆ ಹೋಗುತ್ತದೆ. ಆದ್ದರಿಂದ ಯಶಸ್ವಿ ಸಂಪರ್ಕಗಳಿಗೆ ಹಿಡಿದ ಸಮಯವನ್ನು ಗೆರೆಯ ಮೇಲೆ ಹರಡಿದಾಗ, ಕೆಲವು ಮಿಲಿಸೆಕೆಂಡಿನ ದೊಡ್ಡ ಗುಂಪಿನ ಜೊತೆಗೆ 1 ಸೆಕೆಂಡಿನ ಬಳಿ ಒಂದು, 3ರ ಬಳಿ ಇನ್ನೊಂದು ಗುಡ್ಡೆ ಎದ್ದಿದ್ದರೆ, ಮೌನ ಸರ್ವರಿನದಾಗಿರುವ ಸಾಧ್ಯತೆ ಹೆಚ್ಚು. ನಡುವಿನ 2 ಸೆಕೆಂಡು ಬರಿದಾಗಿದ್ದು, ಅಕ್ಕಪಕ್ಕ ಗುಡ್ಡೆಗಳಿರುವ ಚಿತ್ರವನ್ನು ಬರೀ ‘ನಿಧಾನಗತಿ’ ವಿವರಿಸಲಾರದು. ನಿಧಾನಗತಿ ಸಮಯವನ್ನು ಚೆಲ್ಲಾಡುತ್ತದೆ, ಹೀಗೆ ಪೂರ್ಣಾಂಕಗಳಿಗೆ ಕಟ್ಟಿಹಾಕುವುದಿಲ್ಲ.

ಈ ಪ್ರಮೇಯವನ್ನು ಎಷ್ಟು ದೂರ ಎಳೆಯಬಹುದು ಎಂಬುದಕ್ಕೆ ಮಿತಿಗಳಿವೆ. ಒಂದು, ತುಂಬಿ ತುಳುಕುವ ನೆಟ್‌ವರ್ಕ್ ಕೊಂಡಿಯಲ್ಲಿ ಪ್ಯಾಕೆಟ್ ಆಗಾಗ ಕಳೆಯುತ್ತಿದ್ದರೂ ಇದೇ ಗುಡ್ಡೆಗಳು ಏಳುತ್ತವೆ. ಹಾಗಾಗಿ ಗುಡ್ಡೆಗಳು ಸ್ಥಿರವಾದ ಫೈರ್‌ವಾಲ್ ನಿಯಮವನ್ನು ತಳ್ಳಿಹಾಕುತ್ತವೆ, ನೆಟ್‌ವರ್ಕನ್ನೇ ತಳ್ಳಿಹಾಕುವುದಿಲ್ಲ. ಎರಡು, 2023ರ ನಂತರದ ಕರ್ನೆಲ್‌ಗಳಲ್ಲಿ ಮೊದಲ ಕೆಲವು ಮರುಪ್ರಯತ್ನಗಳು ಇಮ್ಮಡಿಯಾಗದೆ ಸೆಕೆಂಡಿಗೊಂದರಂತೆ ಹೋಗುತ್ತವೆ. ಅಲ್ಲಿ ಗುಡ್ಡೆಗಳು 1, 2, 3, 4ರಲ್ಲಿ ಬೀಳುತ್ತವೆ. 2011ರ ಆರ್‌ಎಫ್‌ಸಿ 6298ಕ್ಕೆ ಮುಂಚಿನ ರೀತಿಯ ಯಂತ್ರಗಳಲ್ಲಾದರೆ ಮೊದಲ ಕಾಯುವಿಕೆಯೇ 3 ಸೆಕೆಂಡು. ಮೂರು, ಅಪ್ಲಿಕೇಶನ್ನಿನವರು ಸಂಪರ್ಕಕ್ಕೆ ಅರ್ಧ ಸೆಕೆಂಡಿನ ಗಡುವು ಇಟ್ಟಿದ್ದರೆ ತಡವಾದ ಯಶಸ್ಸು ಹುಟ್ಟುವ ಮೊದಲೇ ಸಾಯುತ್ತದೆ, ಸಾಕ್ಷ್ಯವೇ ಇರುವುದಿಲ್ಲ.

ಮೊದಲ ಮಿತಿಯನ್ನು ದಾಟಲು ಸರ್ವರ್ ಬದಿಯ ಸಾಕ್ಷಿ ಬೇಕು. ‘ನೆಟ್‌ಸ್ಟ್ಯಾಟ್’ ಅಂಕಿಅಂಶದಲ್ಲಿ ಸರತಿ ಎಷ್ಟು ಸಲ ಉಕ್ಕಿತೆಂಬ ಎಣಿಕೆ (ಲಿಸನ್‌ಓವರ್‌ಫ್ಲೋಸ್) ಸಿಗುತ್ತದೆ. ಕ್ಲೈಂಟ್ ಬದಿಯಲ್ಲಿ ಗುಡ್ಡೆ ಎದ್ದ ಹೊತ್ತಿಗೇ ಅದು ಏರಿದ್ದರೆ ವಾದ ಗಟ್ಟಿಯಾಗುತ್ತದೆ. ಇಲ್ಲೂ ಎಚ್ಚರ ಬೇಕು: ಆ ಎಣಿಕೆ ಪೋರ್ಟಿನದಲ್ಲ, ಇಡೀ ನೆಟ್‌ವರ್ಕ್ ನೇಮ್‌ಸ್ಪೇಸಿನದು. ಅದೇ ಯಂತ್ರದ ವೆಬ್ ಸರ್ವರ್ ಉಕ್ಕಿದರೂ ಏರುತ್ತದೆ. ಡೇಟಾಬೇಸ್ ಕಂಟೇನರಿನೊಳಗಿದ್ದರೆ ಹೊರಗಿನ ಯಂತ್ರದಲ್ಲಿ ನೋಡಿದಾಗ ಸೊನ್ನೆಯೇ ಕಾಣಬಹುದು. ಕರ್ನೆಲ್ ಲಾಗಿನಲ್ಲಿ 3306ನೇ ಪೋರ್ಟಿನ ಮೇಲೆ ‘ಸಿನ್ ಫ್ಲಡಿಂಗ್’ ಶಂಕೆಯ ಸಾಲು ಸಿಕ್ಕರೆ ಅದನ್ನು ದಾಳಿಯೆಂದು ಓದಿ ಗಾಬರಿಯಾಗುವುದುಂಟು. ನಮ್ಮದೇ ಅಪ್ಲಿಕೇಶನ್ ಸರ್ವರುಗಳು ಒಟ್ಟಿಗೆ ರೀಸ್ಟಾರ್ಟ್ ಆಗಿ ಮುಗಿಬಿದ್ದರೂ ಕರ್ನೆಲ್ ಅದೇ ಸಾಲನ್ನು ಬರೆಯುತ್ತದೆ.

ಇದೆಲ್ಲ ಎಷ್ಟು ಸಾಮಾನ್ಯ? ಆರೋಗ್ಯವಾಗಿರುವ ಮೈಎಸ್‌ಕ್ಯುಎಲ್‌ನಲ್ಲಿ ಸಾಮಾನ್ಯವಲ್ಲ ಎಂದು ಒಪ್ಪಬೇಕು. ಗರಿಷ್ಠ ಸಂಪರ್ಕಗಳ ಮಿತಿ (ಮೊದಲೇ ಇಟ್ಟಿರುವುದು 151) ತುಂಬಿದಾಗಲೂ ಸರ್ವರ್ ಬಂದವರನ್ನು ಸರತಿಯಿಂದ ಎತ್ತಿಕೊಂಡು, 1040 ಎಂಬ ಸಂಖ್ಯೆಯೊಡನೆ ‘ಟೂ ಮೆನಿ ಕನೆಕ್ಷನ್ಸ್’ ಎಂದು ಬಾಯಿಬಿಟ್ಟೇ ಹೇಳುತ್ತದೆ. ಮಾತಾಡುವ ದೋಷ ಇದು, ನಿದಾನಕ್ಕೆ ಸುಲಭ. ಸರತಿ ತುಂಬಬೇಕಾದರೆ ಸರ್ವರ್ ‘ಆಕ್ಸೆಪ್ಟ್’ ಎನ್ನಲೂ ಆಗದಷ್ಟು ಸೊರಗಿರಬೇಕು: ಮೆಮೊರಿ ಸಾಲದೆ ಸ್ವಾಪಿಗೆ ಬಿದ್ದಿರಬೇಕು, ಸಿಪಿಯು ಸಿಗದಿರಬೇಕು, ಇಲ್ಲವೇ ನೂರಾರು ಕ್ಲೈಂಟುಗಳು ಒಂದೇ ಕ್ಷಣಕ್ಕೆ ಬಂದಿರಬೇಕು. ಮಿತಿಯೂ ಕಾಣುವಷ್ಟು ದೊಡ್ಡದಿರುವುದಿಲ್ಲ. ಮೈಎಸ್‌ಕ್ಯುಎಲ್ ಎಷ್ಟೇ ಕೇಳಲಿ, ‘ಸೊಮ್ಯಾಕ್ಸ್‌ಕಾನ್’ ಎಂಬ ಕರ್ನೆಲ್ ಬೆಲೆ ಅದನ್ನು ಸದ್ದಿಲ್ಲದೆ ಕತ್ತರಿಸುತ್ತದೆ. ಆ ಬೆಲೆ ಬಹುಕಾಲ 128 ಇತ್ತು. 4096ಕ್ಕೆ ಏರಿದ್ದು 2019ರ 5.4ನೇ ಆವೃತ್ತಿಯಲ್ಲಿ.

ಅದೇ ಕಾರಣ ಬೇರೆ ಬಾಗಿಲಲ್ಲಿ ಬೇರೆ ದನಿಯಲ್ಲಿ ಮಾತಾಡುತ್ತದೆ ಎಂಬುದಕ್ಕೆ ಪೋಸ್ಟ್‌ಗ್ರೆಸ್ ನಿದರ್ಶನ. ಒಂದೇ ಯಂತ್ರದೊಳಗೆ ಯುನಿಕ್ಸ್ ಸಾಕೆಟ್ ಮೂಲಕ ಹೋದ ಕ್ಲೈಂಟಿಗೆ ಸರತಿ ತುಂಬಿದಾಗ ಮೌನ ಸಿಗುವುದಿಲ್ಲ, ‘ರಿಸೋರ್ಸ್ ಟೆಂಪರರಿಲಿ ಅನ್‌ಅವೈಲೆಬಲ್’ ಎಂಬ ತಕ್ಷಣದ ಉತ್ತರ ಸಿಗುತ್ತದೆ. ತಾತ್ಕಾಲಿಕ ಎಂಬುದನ್ನು ಹೇಳುವ ಮೂರನೇ ಉತ್ತರ ಸಾಧ್ಯವಿತ್ತು. ಟಿಸಿಪಿಯಲ್ಲಿ ಅದಕ್ಕೆ ಜಾಗವಿರಲಿಲ್ಲ. ರೀಸೆಟ್ ಮತ್ತು ಮೌನ ಎಂಬ ಎರಡೇ ಆಯ್ಕೆಗಳ ನಡುವೆ ಸ್ಟೀವನ್ಸ್ ಆರಿಸಿದರು ಎಂಬುದನ್ನು ಅವರ ಪರವಾಗಿ ಹೇಳಲೇಬೇಕು.

ಆರಂಭದಲ್ಲಿ ಹೇಳಿದ ಸೂತ್ರದ ಮೊದಲ ಅರ್ಧವೂ, ಅಂದರೆ ‘ರಿಫ್ಯೂಸ್ಡ್’ ಬಂದರೆ ಡೇಟಾಬೇಸಿನ ಯಂತ್ರ ಸರಿಯಿದೆ ಎಂಬ ಭಾಗವೂ, ಅಷ್ಟೇನೂ ಭದ್ರವಲ್ಲವೆಂದು ಇಲ್ಲೇ ಸೇರಿಸಬಹುದು. ಕುಬರ್ನೆಟಿಸ್‌ನಲ್ಲಿ ಹಿಂಬದಿಯ ಪಾಡ್ ಒಂದೂ ಸಿದ್ಧವಿಲ್ಲದ ಸರ್ವಿಸ್ಸಿಗೆ ಹೋದರೆ, ಐಪಿಟೇಬಲ್ಸ್ ವಿಧಾನದ ಕ್ಯೂಬ್-ಪ್ರಾಕ್ಸಿ ಹಾಕಿದ ನಿಯಮ ‘ರಿಫ್ಯೂಸ್ಡ್’ ಎನ್ನುತ್ತದೆ. ಆ ನಿರಾಕರಣೆ ಹೊರಟ ಯಂತ್ರದಲ್ಲೇ ಹುಟ್ಟಿದ್ದು; ಪ್ಯಾಕೆಟ್ ಡೇಟಾಬೇಸಿನ ಕಡೆ ಹೆಜ್ಜೆಯನ್ನೇ ಇಟ್ಟಿರುವುದಿಲ್ಲ.

ಮೌನವನ್ನು ತಪ್ಪಾಗಿ ಓದಿದರೆ ಚಿಕಿತ್ಸೆಯೂ ತಪ್ಪುತ್ತದೆ. ಗ್ರೇ ಅವರ ವಿಶ್ವಾಸದಂತೆ ಕ್ಲೈಂಟುಗಳು 2 ಸೆಕೆಂಡು ಕಾದು, ಬಿಟ್ಟು, ಮತ್ತೆ ಬಡಿಯುತ್ತವೆ ಎಂದುಕೊಳ್ಳೋಣ. ಬಿಟ್ಟುಹೋದವರ ಸಂಪರ್ಕಗಳು ಸರತಿಯಿಂದ ಏಳುವುದಿಲ್ಲ. ಚೇತರಿಸಿಕೊಂಡ ಸರ್ವರ್ ಮೊದಲು ಎತ್ತಿಕೊಳ್ಳುವುದು ಆ ಖಾಲಿ ಸಂಪರ್ಕಗಳನ್ನೇ. ಪ್ರತಿಯೊಂದಕ್ಕೂ ಸ್ವಾಗತದ ಪ್ಯಾಕೆಟ್ ಕಳಿಸಿ, ಎದುರಿಗೆ ಯಾರೂ ಇಲ್ಲವೆಂದು ಕಂಡುಕೊಂಡು, ‘ಅಬಾರ್ಟೆಡ್ ಕನೆಕ್ಟ್ಸ್’ ಎಣಿಕೆಗೆ ಒಂದು ಕೂಡಿಸಿ ಮುಂದೆ ಹೋಗುತ್ತದೆ. ಅಷ್ಟರಲ್ಲಿ ಹೊಸ ಬಡಿತಗಳು ಸರತಿಯ ಬಾಲವನ್ನು ತುಂಬಿಸಿರುತ್ತವೆ. ಬ್ರಾನ್ಸನ್ ಮತ್ತಿತರರು ಹೇಳಿದ ಸುಳಿ ಇಲ್ಲಿ ಅತಿ ಚಿಕ್ಕ ರೂಪದಲ್ಲಿದೆ ಎಂದು ನಾನು ಭಾವಿಸುತ್ತೇನೆ. ಬ್ಯಾಕ್‌ಲಾಗನ್ನು ಸುಮ್ಮನೆ ಹಿಗ್ಗಿಸುವುದು ಪರಿಹಾರವಲ್ಲ ಎಂಬ ಅನುಮಾನವೂ ಇದರಿಂದಲೇ ಹುಟ್ಟುತ್ತದೆ: ಕ್ಲೈಂಟಿನ ತಾಳ್ಮೆಗಿಂತ ಉದ್ದವಾದ ಸರತಿ ಖಾಲಿ ಸಂಪರ್ಕಗಳ ಸರತಿ.

ಇತ್ಯರ್ಥವಾಗದೆ ಉಳಿದಿರುವುದು ಮಧ್ಯವರ್ತಿಗಳ ಪ್ರಶ್ನೆ. ಪಿಜಿಬೌನ್ಸರ್, ಪ್ರಾಕ್ಸಿಎಸ್‌ಕ್ಯುಎಲ್ ಮೊದಲಾದವು ಡೇಟಾಬೇಸಿನ ಪರವಾಗಿ ತಾವೇ ಹ್ಯಾಂಡ್‌ಶೇಕ್ ಮುಗಿಸಿ, ಹಿಂದಿನ ಸರ್ವರಿಗೆ ಪ್ರತ್ಯೇಕ ಸಂಪರ್ಕ ಇಟ್ಟುಕೊಳ್ಳುತ್ತವೆ. ಕ್ಲೈಂಟ್ ಅಳೆಯುವ 1 ಮತ್ತು 3 ಸೆಕೆಂಡಿನ ಗುಡ್ಡೆಗಳು ಆಗ ಪ್ರಾಕ್ಸಿಯ ಸರತಿಯನ್ನು ಮಾತ್ರ ಹೇಳುತ್ತವೆ. ಪ್ರಾಕ್ಸಿ ಮತ್ತು ಡೇಟಾಬೇಸ್ ನಡುವಿನ ಮೌನ, ಕ್ವೆರಿ ತಡವಾದಂತೆ ವೇಷ ಬದಲಿಸಿ ಬರುತ್ತದೆ. ಪ್ರಾಕ್ಸಿಯ ಲಾಗಿನಲ್ಲಿ ಪ್ರತಿ ಹಿಂಬದಿ ಸಂಪರ್ಕಕ್ಕೆ ಹಿಡಿದ ಸಮಯ ದಾಖಲಾಗುವಂತಿದ್ದರೆ ಇದೇ ವಿಧಾನವನ್ನು ಅಲ್ಲಿಗೂ ಒಯ್ಯಬಹುದು. ಕ್ಲೌಡ್ ಸಂಸ್ಥೆಗಳೇ ನಡೆಸುವ ಪ್ರಾಕ್ಸಿಗಳಲ್ಲಿ ಕರ್ನೆಲ್ ಎಣಿಕೆಗಳು ಗ್ರಾಹಕನ ಕೈಗೆ ಸಿಗುವುದಿಲ್ಲವಾದ್ದರಿಂದ, ಅಲ್ಲಿ ಸರ್ವರ್ ಬದಿಯ ಸಾಕ್ಷಿಯಿಲ್ಲದೆ ಕ್ಲೈಂಟಿನ ಗುಡ್ಡೆಗಳಷ್ಟರ ಮೇಲೆ ಎಷ್ಟು ಭಾರ ಹೊರಿಸಬಹುದೆಂಬುದನ್ನು ಬೇರೆಯಾಗಿಯೇ ಪರೀಕ್ಷಿಸಬೇಕಾಗಿದೆ.