ಗಡಿನಾಡ ಪೋಷಕರಿಗೆ ಜಾಲಪುಟ ಹೇಗಿರಬೇಕು?

ರಾಯದುರ್ಗ ಮತ್ತು ಮಡಕಶಿರಾ ಭಾಗದ ಕನ್ನಡ ಮಾಧ್ಯಮ ಶಾಲೆಗಳ ಪೋಷಕರು ಪ್ರವೇಶ, ಪರೀಕ್ಷೆ, ವಿದ್ಯಾರ್ಥಿವೇತನಗಳ ಸೂಚನೆಗಳನ್ನು ಇಂದು ಮೊಬೈಲಿನಲ್ಲಿಯೇ ಹುಡುಕಬೇಕಾಗಿದೆ. ಸೂಚನೆ ಪ್ರಕಟವಾದ ಮಾತ್ರಕ್ಕೆ ತಲುಪಿತೆನ್ನಲಾಗದು. ಓದಿದವರಿಗೆ ಮುಂದೇನು ಮಾಡಬೇಕೆಂದು ತಿಳಿದಾಗಲೇ ಅದು ತಲುಪಿದಂತೆ.

1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯ ಒದಗಿಸಬೇಕೆನ್ನುತ್ತದೆ. ಆ ಸೌಲಭ್ಯದ ಮಾಹಿತಿಯೇ ಅರ್ಥವಾಗದಿದ್ದರೆ ಹಕ್ಕು ಕಾಗದದಲ್ಲಿಯೇ ಉಳಿಯುತ್ತದೆ.

ಊರಿನ ಹೆಸರು: 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ ಇಂದು ಅನಂತಪುರ ಜಿಲ್ಲೆಯಲ್ಲಿದೆ. ಮಡಕಶಿರಾ, ಅಗಳಿ, ರೊಳ್ಳ, ಅಮರಾಪುರಂ ಮಂಡಲಗಳು 2022ರ ಏಪ್ರಿಲ್‌ನಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿವೆ. ರೂಢಿಯಂತೆ ಅನಂತಪುರದ ಪಟ್ಟಿಯಲ್ಲಿ ಹುಡುಕುವವರಿಗೆ ತಮ್ಮ ಮಂಡಲ ಸಿಗದು. ಹಳೆಯ ಜಿಲ್ಲೆಯ ಹೆಸರಿನಿಂದಲೂ ಹುಡುಕುವಂತಿರಬೇಕು.

ಅಕ್ಷರ: ಯೂನಿಕೋಡ್ ಕನ್ನಡ ಇಂದಿನ ಬಹುತೇಕ ಮೊಬೈಲುಗಳಲ್ಲಿ ಮೂಡುತ್ತದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯ ಪಠ್ಯವು ಆ ಶೈಲಿ ಇಲ್ಲದ ಕಡೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಸ್ಕ್ಯಾನ್ ಮಾಡಿದ ಆದೇಶ ಸಣ್ಣ ಪರದೆಯಲ್ಲಿ ಓದಲು ಕಷ್ಟ. ಅದರ ಪದಗಳನ್ನು ಹುಡುಕಲೂ ಸುಲಭವಲ್ಲ. ಚಿತ್ರದೊಡನೆ ಪಠ್ಯವೂ ಇರಬೇಕು.

ಭಾಷೆಯ ಗುರುತು: ಕನ್ನಡ ಪುಟಕ್ಕೆ 'ಕೆಎನ್', ತೆಲುಗಿಗೆ 'ಟಿಇ' ಎಂಬ ಸಂಕೇತವನ್ನು ಒಳಗೆ ನಮೂದಿಸಬೇಕು. ಅಂಧರಿಗೆ ಪುಟವನ್ನು ಓದಿ ಹೇಳುವ ತಂತ್ರಾಂಶ ಸರಿಯಾದ ಉಚ್ಚಾರಣೆಯನ್ನು ಆರಿಸಿಕೊಳ್ಳಲು ಇದು ಆಧಾರ. ಭಾಷೆ ಬದಲಿಸುವ ಗುಂಡಿಯ ಮೇಲೆ 'ಕನ್ನಡ' ಎಂದು ಕನ್ನಡದಲ್ಲಿಯೇ ಬರೆದಿರಬೇಕು.

ಸ್ಪಷ್ಟತೆ: ವೆಬ್‌ನ ಅಂತರರಾಷ್ಟ್ರೀಯ ಮಾರ್ಗಸೂಚಿಯಂತೆ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಪ್ರಮಾಣದ ವ್ಯತ್ಯಾಸವಿರಬೇಕು. ಅಕ್ಷರಗಳನ್ನು ಎರಡು ಪಟ್ಟು ಹಿಗ್ಗಿಸಿದರೂ ವಿಷಯ ಮರೆಯಾಗಬಾರದು.

ಬರೆಹದ ಕ್ರಮ: ಯಾರಿಗೆ, ಕೊನೆಯ ದಿನ ಯಾವುದು, ಯಾವ ದಾಖಲೆ ಬೇಕು ಎಂಬುದು ಮೊದಲಿಗೇ ಬರಲಿ, ಆದೇಶದ ಸಂಖ್ಯೆ, ಉಲ್ಲೇಖಗಳು ಕೊನೆಗಿರಲಿ. 'ಇಲ್ಲಿ ಒತ್ತಿರಿ' ಎನ್ನುವುದಕ್ಕಿಂತ 'ಅರ್ಜಿ ನಮೂನೆ ಪಡೆಯಿರಿ' ಎನ್ನುವುದು ಲೇಸು.

ಶಾಲೆಯ ಪುಟವನ್ನು ನಾವೇ ರೂಪಿಸುವಾಗ, ಪ್ರಕಟಿಸುವ ಮುನ್ನ ಒಬ್ಬ ತಾಯಿಯ ಕೈಗೆ ಮೊಬೈಲ್ ಕೊಟ್ಟು ಕೊನೆಯ ದಿನವನ್ನು ಹುಡುಕಲು ಹೇಳೋಣ. ಅವರು ತಡವರಿಸಿದರೆ ತಿದ್ದಬೇಕಾದುದು ಪುಟವನ್ನು, ಅವರನ್ನಲ್ಲ.