45/2ಎ: ನಿಂತುಹೋದ ಗಣಕದೊಳಗೊಂದು ಪಹಣಿ

ಚನ್ನಗಿರಿ ಸೀಮೆಯ ಭತ್ತದ ಗದ್ದೆಗಳು ಅಡಿಕೆ ತೋಟಗಳಾದದ್ದು ಯಾವಾಗ, ಹೇಗೆ? ಭದ್ರಾ ನಾಲೆಯ ನೀರು, ಸೂಳೆಕೆರೆಯ ಅಚ್ಚುಕಟ್ಟು, ಅಡಿಕೆಯ ಧಾರಣೆ, ಈ ಮೂರನ್ನೂ ಸೇರಿಸಿ ಹಿರಿಯರು ಕಥೆ ಹೇಳುತ್ತಾರೆ. ಆದರೆ ಸರ್ವೆ ನಂಬರ್ ಹಿಡಿದು, ವರ್ಷ ಹಿಡಿದು ಸಾಕ್ಷಿ ನುಡಿಯುವ ಕಾಗದ ಪಹಣಿ. ಅದರ 9ನೇ ಕಾಲಂನಲ್ಲಿ ಒಡೆತನ, 11ರಲ್ಲಿ ಋಣ, 12ರಲ್ಲಿ ಸಾಗುವಳಿ ಮತ್ತು ಬೆಳೆ. ಬೆಳೆ ಬದಲಾದ ಇತಿಹಾಸ ಬರೆಯಲು ಹೊರಟವರಿಗೆ 12ನೇ ಕಾಲಮ್ಮೇ ಆಧಾರ. ಆ ಕಾಲಂ ಬೆನ್ನು ಹತ್ತಿದ ನಾನು ಕೊನೆಗೆ ಬಂದು ನಿಂತದ್ದು, ಕಂಪನಿಗಳು ಎಂದೋ ಕೈಬಿಟ್ಟ ಕಂಪ್ಯೂಟರ್ ವ್ಯವಸ್ಥೆಗಳ ಮುಂದೆ.

ಮೊದಲು ಕಾಗದಗಳ ವಂಶಾವಳಿ ತಿಳಿಯಬೇಕು. ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ರಂದು, ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರಾದ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ. ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದದ್ದು 2018ರಲ್ಲಿ. ಹೀಗಾಗಿ ನ್ಯಾಮತಿಯ ಹಳೆಯ ಪಹಣಿ ಬೇಕೆಂದರೆ ಹೊನ್ನಾಳಿಯ ಹೆಸರಿನಡಿ ಹುಡುಕಬೇಕು. ಜಿಲ್ಲಾ ಮಟ್ಟದ ಕಡತ ಬೇಕೆಂದರೆ ಶಿವಮೊಗ್ಗದ ದಾರಿ ಹಿಡಿಯಬೇಕು. ಕಾಗದದ ಮಟ್ಟಿಗೆ ಈ ಅಲೆದಾಟಕ್ಕೆ ಕೊನೆ ಇದೆ. ರಟ್ಟು ಸವೆದಿರಲಿ, ಅಂಚಿಗೆ ಗೆದ್ದಲು ಹಿಡಿದಿರಲಿ, ಪುಟ ಸಿಕ್ಕರೆ ಓದಬಹುದು.

ಕೈಬರಹದ ಪಹಣಿ ಮುಗಿದು ಕಂಪ್ಯೂಟರ್ ಪಹಣಿ ಶುರುವಾಗುವ ಅಂಚಿನಲ್ಲಿ ಹುಡುಕಾಟ ತೊಡರಿತು. ಕಂದಾಯ ಇಲಾಖೆ ಮತ್ತು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ಸೇರಿ ಕಟ್ಟಿದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಗ್ರಾಮ ಲೆಕ್ಕಿಗರ ಪುಸ್ತಕಗಳನ್ನು ಖಾಸಗಿ ಏಜೆನ್ಸಿಗಳ ಹುಡುಗರು ಟೈಪು ಮಾಡಿದರು. ಅಚ್ಚಾಗಿ ಬಂದ ತಾಳೆಪಟ್ಟಿಗಳನ್ನು ಗ್ರಾಮ ಲೆಕ್ಕಿಗರು ಮೂಲಕ್ಕೆ ಹೋಲಿಸಿ ತಿದ್ದಿಕೊಟ್ಟರು. ಅಧಿಕಾರಿಗಳು ಬೆರಳಚ್ಚು ಕೊಟ್ಟು ಗಣಕದೊಳಗೆ ಹೋಗುವ ಏರ್ಪಾಡಾಯಿತು. 15 ರೂಪಾಯಿಗೆ ಪಹಣಿ ಕೈಗೆ ಬರುವಂತಾಯಿತು. ಲಂಚ ಮತ್ತು ವಿಳಂಬದಿಂದ ಬೇಸತ್ತಿದ್ದ ರೈತನಿಗೆ ಇದು ದೊಡ್ಡ ಉಪಕಾರ. ಇದರ ಜೊತೆಗೇ ಸರ್ಕಾರ ಇನ್ನೊಂದು ತೀರ್ಮಾನ ಮಾಡಿತು: ಗಣಕೀಕರಣ ಮುಗಿದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲ. ಅಂದಿನಿಂದ ನೆಲದ ಮೇಲಿನ ಹಕ್ಕಿನ ಮಾತು ಆಡುವುದು ಗಣಕ ಮಾತ್ರ.

ಆ ಮೊದಲ ತಲೆಮಾರಿನ ವ್ಯವಸ್ಥೆ ನಿಂತದ್ದು ಮೈಕ್ರೋಸಾಫ್ಟ್‌ನ ವಿಂಡೋಸ್ ಎನ್‌ಟಿ ಮೇಲೆ, ಕನ್ನಡಕ್ಕೆ ಸಿ-ಡ್ಯಾಕ್‌ನ ತಂತ್ರಾಂಶದ ಆಸರೆಯಲ್ಲಿ. ಎನ್‌ಟಿ 4.0ಗೆ ಕಂಪನಿಯ ಬೆಂಬಲ 2004ಕ್ಕೇ ಮುಗಿಯಿತು. ದತ್ತಾಂಶ ಮುಂದಿನ ವ್ಯವಸ್ಥೆಗಳಿಗೆ ದಾಟಿತು, ಇಂದು ಆನ್‌ಲೈನಿನಲ್ಲಿದೆ. ನನಗೆ ಬೇಕಾದದ್ದು ಆ ದಾಟುವಿಕೆಯ ನಡುವಿನ ಸ್ಥಿತಿ. ಚನ್ನಗಿರಿ ಕಡೆಯ ಒಂದು ಜಮೀನು ಕೈಬರಹದಲ್ಲಿ ಭತ್ತ ಎಂದಿತ್ತು, ಅಚ್ಚಿನಲ್ಲಿ ಅಡಿಕೆ ಎಂದಿತ್ತು. ಬೆಳೆ ನಿಜಕ್ಕೂ ಬದಲಾಯಿತೋ, ಟೈಪಿನಲ್ಲಿ ಬದಲಾಯಿತೋ?

ಉತ್ತರದ ಎಳೆ ಸಿಕ್ಕಿದ್ದು ಒಬ್ಬ ನಿವೃತ್ತ ಗ್ರಾಮ ಲೆಕ್ಕಿಗರ ಮನೆಯಲ್ಲಿ. ತಾಳೆ ನೋಡುವ ಕಾಲದಲ್ಲಿ ತಮ್ಮ ಅನುಕೂಲಕ್ಕೆಂದು ಹೊನ್ನಾಳಿಯ ಡಿಟಿಪಿ ಅಂಗಡಿಯೊಂದರಲ್ಲಿ ಬೆಳೆಪಟ್ಟಿ ಮಾಡಿಸಿಟ್ಟಿದ್ದರು. “ಪುಸ್ತಕ ಸರ್ಕಾರದ್ದು ಸ್ವಾಮಿ, ಈ ಪಟ್ಟಿ ಮಾತ್ರ ನಂದು” ಎಂದು ಫ್ಲಾಪಿ ಮುಂದಿಟ್ಟರು. ಮೂರೂವರೆ ಇಂಚಿನದು, 1.44 ಎಂಬಿ.

ಹಳೆಯ ಫ್ಲಾಪಿಯನ್ನು ಸೀದಾ ಡ್ರೈವಿಗೆ ಹಾಕಬಾರದು. ಅದರ ಮೂಲೆಯಲ್ಲಿ ಸಣ್ಣ ಪ್ಲಾಸ್ಟಿಕ್ ತುಂಡೊಂದು ಜಾರುತ್ತದೆ. ಕಿಂಡಿಯಿಂದ ಬೆಳಕು ಆಚೆ ಕಾಣುವಂತೆ ಅದನ್ನು ಸರಿಸಿದರೆ ಡಿಸ್ಕಿನ ಮೇಲೆ ಬರೆಯಲಾಗದು. ಹಾಗೆ ಮಾಡದಿದ್ದರೆ ವಿಂಡೋಸ್ 98ರಂಥ ವ್ಯವಸ್ಥೆ ಸುಮ್ಮನೆ ತೆರೆದ ಮಾತ್ರಕ್ಕೇ ಡಿಸ್ಕಿನ ಮೊದಲ ಸೆಕ್ಟರಿನಲ್ಲಿ ತನ್ನ ಗುರುತು ಹಾಕುತ್ತದೆ. ಪತ್ರಾಗಾರದ ಹಳೆಯ ಪುಟದ ಮೇಲೆ ಪೆನ್ನು ಆಡಿಸಿದಷ್ಟೇ ಅಪಚಾರ ಅದು. ಕಿಂಡಿ ತೆರೆದು, ಇಡೀ ಡಿಸ್ಕಿನ ಬಿಟ್‌ಬಿಟ್ ಪ್ರತಿ ತೆಗೆದು, ಪ್ರತಿ ಮೂಲಕ್ಕೆ ಸಮ ಎಂದು ಹ್ಯಾಶ್ ಸಂಖ್ಯೆಯಿಂದ ಖಾತ್ರಿ ಮಾಡಿಕೊಂಡು, ಆಮೇಲೆ ಆ ಪ್ರತಿಯ ಮೇಲಷ್ಟೇ ಕೆಲಸ ಮಾಡಿದೆ.

ಒಳಗಿದ್ದದ್ದು ಪೇಜ್‌ಮೇಕರ್ 6.5ರ ಕಡತ. ಇಂದಿನ ಕಂಪ್ಯೂಟರ್ ಅದನ್ನು ತೆರೆಯಲೊಲ್ಲದು. ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅಡೋಬಿಯ ಇನ್‌ಡಿಸೈನ್ ಕೂಡ ಸಿಎಸ್6ರ ನಂತರ ಆ ಕಡತಗಳನ್ನು ತೆರೆಯುವುದು ಬಿಟ್ಟಿತು. ಕಡತವನ್ನು ಸೀಳಿ ಅಕ್ಷರಗಳನ್ನಷ್ಟೇ ಹೊರತೆಗೆದೆ. ‘ಕನ್ನಡ’ ಎಂದಿರಬೇಕಾದ ಕಡೆ ಇಂಗ್ಲಿಷಿನ ದೊಡ್ಡ ‘ಪಿ’, ನೆತ್ತಿಯ ಮೇಲೆ ಓರೆಗೆರೆ ಹೊತ್ತ ‘ಎ’, ಪೌಂಡಿನ ಚಿಹ್ನೆ, ಮತ್ತೆ ಓರೆಗೆರೆಯ ‘ಎ’, ಜರ್ಮನ್ನಿನ ಜೋಡಿ ‘ಎಸ್’, ಸಣ್ಣ ‘ಕ್ಯೂ’, ಕೊನೆಗೆ ಇನ್ನೊಂದು ಓರೆಗೆರೆಯ ‘ಎ’. ಇದು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಒಳಲೆಕ್ಕ. ದೊಡ್ಡ ‘ಪಿ’ ಅಂದರೆ ‘ಕ’ದ ಒಡಲು, ಓರೆಗೆರೆಯ ‘ಎ’ ಅಂದರೆ ತಲಕಟ್ಟು, ಜೋಡಿ ‘ಎಸ್’ ಅಂದರೆ ‘ನ’ ಒತ್ತು. ಆ ಕಾಲದ ವಿಂಡೋಸ್‌ಗೆ ಕನ್ನಡ ಗೊತ್ತಿರಲಿಲ್ಲ. ನಮ್ಮವರು ಅಕ್ಷರದ ಒಡಲು, ತಲಕಟ್ಟು, ಒತ್ತುಗಳನ್ನು ಬಿಡಿಬಿಡಿಯಾಗಿ ಇಂಗ್ಲಿಷ್ ಸ್ಥಾನಗಳಲ್ಲಿ ಕೂರಿಸಿ ಕನ್ನಡವನ್ನು ತೆರೆಯ ಮೇಲೆ ತಂದರು. ಕನ್ನಡ ಗಣಕ ಪರಿಷತ್ತಿನ ‘ನುಡಿ’, ಶೇಷಾದ್ರಿವಾಸು ಅವರ ‘ಬರಹ’ ಇಲ್ಲದಿದ್ದರೆ ಆ ದಿನಗಳ ಕನ್ನಡ ಗಣಕದೊಳಗೆ ಕಾಲಿಡುವುದೇ ಕಷ್ಟವಿತ್ತು.

ಇದನ್ನು ಯೂನಿಕೋಡ್‌ಗೆ ಪರಿವರ್ತಿಸುವ ಸಾಧನಗಳಿವೆ. ಹಾಕಿದೆ, ಪಟ್ಟಿ ಕನ್ನಡವಾಗಿ ಬಂತು. ನಾನು ಹುಡುಕುತ್ತಿದ್ದ ಜಮೀನು 45/2ಎ. (ಗುರುತು ಮರೆಸಲು ನಂಬರ್ ಬದಲಿಸಿದ್ದೇನೆ.) ಪಟ್ಟಿಯಲ್ಲಿ ಅದು ಕಾಣಲೇ ಇಲ್ಲ. ಬದಲಿಗೆ ‘೪೫/೨ಂ’ ಎಂಬ ಸಾಲಿತ್ತು. ಕಣ್ಣಿಗೆ ಅದು ೪೫/೨೦. ಅಂಥ ಹಿಸ್ಸಾ ಆ ಊರಿನಲ್ಲಿಲ್ಲ. ಕಾರಣ ಸರಳ: ‘ನುಡಿ’ಯ ಲೆಕ್ಕದಲ್ಲಿ ಇಂಗ್ಲಿಷಿನ ದೊಡ್ಡ ‘ಎ’ ಅನುಸ್ವಾರದ ಸ್ಥಾನ. ಹಿಸ್ಸಾದ ‘ಎ’ಯನ್ನು ಡಿಟಿಪಿಯವರು ಇಂಗ್ಲಿಷ್ ಫಾಂಟಿನಲ್ಲಿ ಹೊಡೆದಿದ್ದರು. ಅಕ್ಷರ ಯಾವ ಫಾಂಟಿನದು ಎಂಬ ಮಾಹಿತಿ ಪೇಜ್‌ಮೇಕರಿನೊಳಗೆ ಮಾತ್ರ ಉಳಿದಿತ್ತು. ಅದನ್ನು ಸೀಳಿ ತೆಗೆದಾಗ ‘ಎ’ ಸೊನ್ನೆಯಾಯಿತು, ಒಬ್ಬರ ಹಿಸ್ಸಾ ಇಲ್ಲದ ಹಿಸ್ಸಾ ಆಯಿತು.

ಆ ಡಿಟಿಪಿ ಅಂಗಡಿಯ ಹಳೆಯ ಯಂತ್ರ ಇನ್ನೂ ಜೀವಂತವಾಗಿತ್ತು. ಅದರಲ್ಲಿ ವಿಂಡೋಸ್ 98, ಪೇಜ್‌ಮೇಕರ್, ನುಡಿ ಮೂರೂ ಇದ್ದವು. ಡಿಸ್ಕಿನ ಪ್ರತಿಯನ್ನು ಅಲ್ಲಿ ತೆರೆದಾಗ 45/2ಎ ಸ್ವಚ್ಛವಾಗಿ ಕಾಣಿಸಿತು. ಅದರೆದುರು ‘ಭತ್ತ, ಅಡಿಕೆ ಸಸಿ’ ಎಂದಿತ್ತು. ಅಡಿಕೆ ಸಸಿ ನೆಟ್ಟು ಫಸಲು ಕಾಣಲು ಐದಾರು ವರ್ಷ ಬೇಕು. ಅಲ್ಲಿಯವರೆಗೆ ಹೊಟ್ಟೆಪಾಡಿಗೆ ಬೇರೆ ಬೆಳೆ. ಕೈಬರಹದ ಭತ್ತವೂ ಅಚ್ಚಿನ ಅಡಿಕೆಯೂ ಸರಿಯೇ ಇದ್ದವು. ನಡುವಿನ ಸ್ಥಿತ್ಯಂತರಕ್ಕೆ ಸಾಕ್ಷಿ ಹೇಳಿದ್ದು ಈ ಒಂದೇ ಸಾಲು. ಆ ಸಾಲನ್ನು ನಿಜವಾಗಿ ಓದಿಕೊಟ್ಟದ್ದು, ಬಳಕೆಗೆ ಬಾರದೆಂದು ಎಲ್ಲರೂ ಕೈಬಿಟ್ಟ ಒಂದು ಯಂತ್ರ.

ಆ ಯಂತ್ರ ನಾಳೆ ಕೆಟ್ಟರೆ? ಇಂದಿನ ಕಂಪ್ಯೂಟರಿನೊಳಗೇ ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶಗಳಿವೆ. ಆದರೆ ಅದರೊಳಗೆ ಕೂರಿಸಲು ವಿಂಡೋಸ್ 98 ಬೇಕು, ಅದರ ಹಕ್ಕು ಕಂಪನಿಯದು. ಮಾರಾಟ ನಿಂತಿದೆ, ಬೆಂಬಲ 2006ಕ್ಕೇ ನಿಂತಿದೆ, ಹಕ್ಕು ಮಾತ್ರ ನಿಂತಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ, ತಂತ್ರಾಂಶವನ್ನು ನ್ಯಾಯವಾಗಿ ಕೊಂಡವರಿಗೆ ಅದು ಕೆಟ್ಟರೆ ಇರಲೆಂದು ಪ್ರತಿ ತೆಗೆದಿಡಲು ಬಿಡುತ್ತದೆ. 2012ರ ತಿದ್ದುಪಡಿ ಸಾರ್ವಜನಿಕ ಗ್ರಂಥಾಲಯಗಳಿಗೂ ಸಂರಕ್ಷಣೆಗಾಗಿ ಕೃತಿಗಳನ್ನು ಡಿಜಿಟಲ್ ರೂಪದಲ್ಲಿಡುವ ಅವಕಾಶ ಕೊಟ್ಟಿತು. ಷರತ್ತೇನೆಂದರೆ, ಆ ಕೃತಿಯ ಡಿಜಿಟಲ್ ಅಲ್ಲದ ಪ್ರತಿ ಗ್ರಂಥಾಲಯದಲ್ಲಿ ಮೊದಲೇ ಇರಬೇಕು. ಆಪರೇಟಿಂಗ್ ಸಿಸ್ಟಮ್‌ಗೆ ಅಂಥ ಪ್ರತಿ ಎಲ್ಲಿಂದ ಬರಬೇಕು? ಪುಸ್ತಕವನ್ನು ಮನಸ್ಸಿನಲ್ಲಿಟ್ಟು ಬರೆದ ಈ ವಾಕ್ಯ ತಂತ್ರಾಂಶವನ್ನು ಹೊರಗೇ ನಿಲ್ಲಿಸುತ್ತದೆ. ಅಮೆರಿಕದಲ್ಲಿ ಮಾರುಕಟ್ಟೆಯಿಂದ ಮರೆಯಾದ ತಂತ್ರಾಂಶವನ್ನು ಉಳಿಸಲು ಅದರ ಡಿಜಿಟಲ್ ಬೀಗ ತೆರೆಯುವ ವಿನಾಯಿತಿಯನ್ನು ಗ್ರಂಥಾಲಯ ಮತ್ತು ಪತ್ರಾಗಾರಗಳಿಗೆ 2018ರಲ್ಲಿ ಕೊಟ್ಟರು. ಕಂಪನಿಗಳೂ ಮನಸ್ಸು ಮಾಡಬಲ್ಲವು: ಎಂಎಸ್-ಡಾಸ್‌ನ ಹಳೆಯ ಆವೃತ್ತಿಗಳ ಮೂಲ ಸಂಕೇತವನ್ನು ಮೈಕ್ರೋಸಾಫ್ಟ್ 2014ರಲ್ಲಿ ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಇತಿಹಾಸ ಸಂಗ್ರಹಾಲಯದ ಮೂಲಕ ಹೊರಬಿಟ್ಟಿತು. 2024ರಲ್ಲಿ 4.00 ಆವೃತ್ತಿಯನ್ನೂ ಮುಕ್ತ ಪರವಾನಗಿಯಡಿ ಕೊಟ್ಟಿತು.

ಇನ್ನೊಂದು ಬದಿಯ ಆತಂಕವನ್ನೂ ಗೌರವಿಸಲೇಬೇಕು. ಹಳೆಯ ಡಿಸ್ಕುಗಳಲ್ಲಿ ಬೆಳೆ ಮಾತ್ರ ಇರುವುದಿಲ್ಲ. ಯಾರು ಎಷ್ಟು ಸಾಲ ಮಾಡಿದ್ದರು, ಯಾರ ಮನೆಯಲ್ಲಿ ಪಾಲು ಯಾವಾಗ ಆಯಿತು ಎಂಬುದೂ ಇರುತ್ತದೆ. ಕಚೇರಿ ಯಂತ್ರವಾದರೆ ಬೆರಳಚ್ಚಿನ ಮಾಹಿತಿಯೂ ಇರಬಹುದು. ಇದೆಲ್ಲ ಗುಜರಿಗೆ ಹೋದರೆ ಜನರ ಗುಟ್ಟು ಬೀದಿಗೆ ಬೀಳುತ್ತದೆ. ಹಾಗೆಂದು ನೋಡದೆ ನಾಶ ಮಾಡಿದರೆ ಜನರ ಸಾಕ್ಷಿಯೇ ಅಳಿಯುತ್ತದೆ. ಭದ್ರತಾ ತೇಪೆಗಳು ನಿಂತುಹೋದ ವ್ಯವಸ್ಥೆಯನ್ನು ಜಾಲಕ್ಕೆ ಜೋಡಿಸುವುದಂತೂ ಸಲ್ಲದು. ಉಳಿಸುವುದೆಂದರೆ ಎಲ್ಲರಿಗೂ ತೆರೆದಿಡುವುದು ಎಂದಲ್ಲ.

ಹಾಗಾದರೆ ಮಾಡಬೇಕಾದದ್ದು ಏನು? 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 7ನೇ ಸೆಕ್ಷನ್, ಉಳಿಸಿಡಬೇಕಾದ ವಿದ್ಯುನ್ಮಾನ ದಾಖಲೆ ಮುಂದೆಯೂ ನೋಡಿ ಬಳಸುವಂತಿರಬೇಕು, ಹುಟ್ಟಿದ ರೂಪದಲ್ಲಿರಬೇಕು ಅಥವಾ ಆ ರೂಪಕ್ಕೆ ನಿಷ್ಠವೆಂದು ತೋರಿಸುವಂತಿರಬೇಕು ಎನ್ನುತ್ತದೆ. ಮೂಲ ವ್ಯವಸ್ಥೆಯೇ ಇಲ್ಲದೆ ಆ ನಿಷ್ಠೆಯನ್ನು ತೋರಿಸುವುದು ಹೇಗೆ? ಒಂದು ‘ಎ’ ಸೊನ್ನೆಯಾದದ್ದನ್ನು ಹಿಡಿಯಲು ಮೂಲ ಬೇಕಾಯಿತು. ‘ಭೂಮಿ’ಯ ಪ್ರತಿ ತಲೆಮಾರಿನ ಆಪರೇಟಿಂಗ್ ಸಿಸ್ಟಮ್, ದತ್ತಾಂಶ ವ್ಯವಸ್ಥೆ, ಕನ್ನಡ ತಂತ್ರಾಂಶ, ಫಾಂಟು ಮತ್ತು ಕೈಪಿಡಿಗಳ ಒಂದೊಂದು ಪೂರ್ತಿ ಸೆಟ್ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ ಕೆಲಸ ಮಾಡುವ ಸ್ಥಿತಿಯಲ್ಲಿರಬೇಕು. ಅದು ಜಾಲದಿಂದ ದೂರವಿರಲಿ. ಸಂಶೋಧಕರಿಗೆ ಹೆಸರು ಮತ್ತು ಋಣದ ಕಾಲಂ ಮುಚ್ಚಿ ತೋರಿಸಲಿ, ಜಮೀನಿನವರಿಗೆ ಪೂರ್ತಿ ತೋರಿಸಲಿ. ಹಳೆಯ ಯಂತ್ರಗಳನ್ನು ಇ-ತ್ಯಾಜ್ಯಕ್ಕೆ ಕಳಿಸುವ ಮುನ್ನ ಅವುಗಳ ಬಿಟ್‌ಬಿಟ್ ಪ್ರತಿ ತೆಗೆಯುವುದು ನಿಯಮವಾಗಲಿ. ‘ಭೂ ಸುರಕ್ಷಾ’ ಯೋಜನೆಯಡಿ ತಾಲ್ಲೂಕು ಕಚೇರಿಗಳ ಹಳೆಯ ಕಾಗದಗಳು ಸ್ಕ್ಯಾನ್ ಆಗುತ್ತಿರುವ ಈ ಹೊತ್ತು ಅದಕ್ಕೆ ತಕ್ಕ ಸಮಯ.

ನಾಲೆಯ ನೀರಿನ ಚನ್ನಗಿರಿಯಾಗಲಿ, ಭದ್ರಾ ಮೇಲ್ದಂಡೆಯ ನೀರಿಗೆ ಕಾದಿರುವ ಜಗಳೂರಾಗಲಿ, ತನ್ನ ಹೊಲದ ನಮೂದು ಗಣಕಕ್ಕೆ ಹೊಕ್ಕ ದಿನ ಹೇಗಿತ್ತು ಎಂದು ಕೇಳುವ ಹಕ್ಕು ರೈತನಿಗಿದೆ. ಕೈಬರಹ ನಡೆಯದು, ಗಣಕದ ಮಾತೇ ಪ್ರಮಾಣ ಎಂದದ್ದು ಸರ್ಕಾರ. ಆ ಗಣಕ ಅಂದು ಆಡಿದ ಮಾತನ್ನು ಇಂದೂ ಅದೇ ಅಕ್ಷರದಲ್ಲಿ ತೋರಿಸುವ ಹೊಣೆಯೂ ಸರ್ಕಾರದ್ದೇ. ಒಂದು ಕಂಪನಿ ತನ್ನ ಸರಕನ್ನು ಕೈಬಿಟ್ಟಿತು ಎಂಬ ಕಾರಣಕ್ಕೆ ಆ ಹೊಣೆ ಮುಗಿಯುವುದಿಲ್ಲ.