ಹಾ ಲಾಂಗ್ ಬೇ: ಹಡಗಿನಲ್ಲಿ ಒಂದು ರಾತ್ರಿ ಕಳೆಯುವ ಮುನ್ನ ತಿಳಿಯಬೇಕಾದ ಸಂಗತಿಗಳು

ವಿಯೆಟ್ನಾಂ ಪ್ರವಾಸದ ಪ್ಯಾಕೇಜ್‌ಗಳಲ್ಲಿ ಹೆಚ್ಚುಕಡಿಮೆ ತಪ್ಪದೇ ಕಾಣುವ ಸಾಲು ಒಂದಿದೆ: 'ಹಾ ಲಾಂಗ್ ಬೇ ಕ್ರೂಸ್, 2 ಹಗಲು 1 ರಾತ್ರಿ'. ದೆಹಲಿ ಮತ್ತು ಮುಂಬೈಯಿಂದ ಹನೋಯ್‌ಗೆ ನೇರ ವಿಮಾನ ಶುರುವಾದ ಮೇಲೆ ಈ ಕೊಲ್ಲಿಗೆ ಹೋಗುವ ಭಾರತೀಯ ಕುಟುಂಬಗಳು ಹೆಚ್ಚಾಗಿವೆ. ಹೊರರಾಜ್ಯಗಳಲ್ಲಿರುವ ಕನ್ನಡಿಗರೂ ದಸರಾ, ದೀಪಾವಳಿ ಅಥವಾ ಮಕ್ಕಳ ಬೇಸಿಗೆ ರಜೆಗೆ ಇದೇ ಪ್ರವಾಸದ ಬಗ್ಗೆ ವಿಚಾರಿಸುತ್ತಾರೆ.

ಬುಕ್ ಮಾಡುವಾಗ ಹೆಚ್ಚಿನವರ ಕಣ್ಣು ಬೀಳುವುದು ಕೋಣೆಯ ಫೋಟೊ, ಬಾಲ್ಕನಿ ಮತ್ತು ಬಾತ್‌ಟಬ್ ಮೇಲೆ. ಆದರೆ ಆ ರಾತ್ರಿ ಹೇಗೆ ಕಳೆಯುತ್ತದೆ ಎಂಬುದು ಮೂರು ಸಂಗತಿಗಳ ಮೇಲೆ ನಿಂತಿದೆ: ಹಡಗು ಯಾವ ಕೊಲ್ಲಿಗೆ ಹೋಗುತ್ತದೆ, ನೀವು ಹೋಗುವ ತಿಂಗಳು ಯಾವುದು, ಹವಾಮಾನ ಕೆಟ್ಟರೆ ಏಜೆಂಟರು ಏನು ಮಾಡುತ್ತಾರೆ. ಈ ಮೂರನ್ನೂ ಮುಂಗಡ ಕಟ್ಟುವ ಮುನ್ನವೇ ಕೇಳಿ ತಿಳಿದುಕೊಳ್ಳಬೇಕು.

ಎಲ್ಲಿದೆ ಈ ಕೊಲ್ಲಿ?

ಹಾ ಲಾಂಗ್ ಬೇ ಇರುವುದು ವಿಯೆಟ್ನಾಂನ ಈಶಾನ್ಯಕ್ಕೆ, ಕ್ವಾಂಗ್ ನಿನ್ ಪ್ರಾಂತ್ಯದ ಕರಾವಳಿಯಲ್ಲಿ. ರಾಜಧಾನಿ ಹನೋಯ್‌ನಿಂದ ಸುಮಾರು 160 ಕಿ.ಮೀ. ದೂರ. ಹೈ ಫಾಂಗ್ ಮೂಲಕ ಸಾಗುವ ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಈಗ ಎರಡೂವರೆ ಗಂಟೆಯಲ್ಲಿ ತಲುಪಬಹುದು.

ಕೊಲ್ಲಿಯ ವಿಸ್ತೀರ್ಣ 1,500 ಚದರ ಕಿ.ಮೀ.ಗೂ ಹೆಚ್ಚು. ಅದರಲ್ಲಿ ಸಣ್ಣ ದೊಡ್ಡ ಸೇರಿ ಸುಮಾರು 1,900ಕ್ಕೂ ಹೆಚ್ಚು ದ್ವೀಪಗಳಿವೆ. ಬಹುಪಾಲು ದ್ವೀಪಗಳಲ್ಲಿ ಜನವಸತಿ ಇಲ್ಲ. 'ಹಾ ಲಾಂಗ್' ಎಂದರೆ 'ಕೆಳಗಿಳಿದ ಡ್ರ್ಯಾಗನ್'. ಶತ್ರುಗಳ ಹಡಗುಗಳನ್ನು ತಡೆಯಲು ಆಕಾಶದಿಂದ ಇಳಿದ ತಾಯಿ ಡ್ರ್ಯಾಗನ್ ಮತ್ತು ಮರಿಗಳು ಉಗುಳಿದ ರತ್ನಗಳೇ ದ್ವೀಪಗಳಾದವು ಎಂಬುದು ಅಲ್ಲಿನವರ ಕಥೆ.

ಯುನೆಸ್ಕೋ 1994ರಲ್ಲಿ ಇದನ್ನು ವಿಶ್ವ ಪಾರಂಪರಿಕ ತಾಣವೆಂದು ಘೋಷಿಸಿತು. 2000ದಲ್ಲಿ ಇಲ್ಲಿನ ಭೂವೈಜ್ಞಾನಿಕ ಮಹತ್ವಕ್ಕೂ ಮಾನ್ಯತೆ ಸಿಕ್ಕಿತು. 2023ರಲ್ಲಿ ಪಕ್ಕದ ಕ್ಯಾಟ್ ಬಾ ದ್ವೀಪಸಮೂಹವನ್ನೂ ಅದೇ ತಾಣಕ್ಕೆ ಸೇರಿಸಲಾಯಿತು.

ಕಲ್ಲುಗಳು ಸಮುದ್ರದಿಂದ ಎದ್ದಿದ್ದು ಹೇಗೆ?

ಉತ್ತರ ಕನ್ನಡದ ಯಾಣ ನೋಡಿದವರಿಗೆ ಇದನ್ನು ಅರ್ಥ ಮಾಡಿಕೊಳ್ಳುವುದು ಸುಲಭ. ಕಾಡಿನ ನಡುವೆ ಸುಮಾರು 120 ಮೀಟರ್ ಎತ್ತರಕ್ಕೆ ನಿಂತಿರುವ ಭೈರವೇಶ್ವರ ಶಿಖರವೂ ಸುಣ್ಣಕಲ್ಲಿನದೇ. ಅಂಥ ಸಾವಿರಾರು ಶಿಖರಗಳು ಕಾಡಿನ ಬದಲು ಸಮುದ್ರದ ನೀರಿನಲ್ಲಿ ನಿಂತಿವೆ ಎಂದು ಊಹಿಸಿಕೊಳ್ಳಿ. ಅದೇ ಹಾ ಲಾಂಗ್.

ಮಳೆನೀರಿನಲ್ಲಿರುವ ಸೌಮ್ಯ ಆಮ್ಲ ಸುಣ್ಣಕಲ್ಲನ್ನು ನಿಧಾನವಾಗಿ ಕರಗಿಸುತ್ತದೆ. ಲಕ್ಷಾಂತರ ವರ್ಷ ಹೀಗೆ ಕರಗಿ, ಬೆಟ್ಟಸಾಲು ಬಿಡಿಬಿಡಿ ಗೋಪುರಗಳಾಯಿತು. ಒಳಗೆ ನೀರು ಹರಿದ ಜಾಗ ಗುಹೆಯಾಯಿತು. ಹಿಮಯುಗ ಮುಗಿದು ಸಮುದ್ರದ ಮಟ್ಟ ಏರಿದಾಗ ಕಣಿವೆಗಳು ಮುಳುಗಿ, ಮೇಲೆ ಉಳಿದ ತುದಿಗಳು ದ್ವೀಪಗಳಾದವು.

ಹಡಗು ದ್ವೀಪದ ಹತ್ತಿರ ಹೋದಾಗ ಬಂಡೆಯ ಬುಡವನ್ನು ಗಮನಿಸಿ. ನೀರಿನ ಮಟ್ಟದಲ್ಲಿ ಸುತ್ತಲೂ ಕೊರೆದಂಥ ಗುರುತು ಕಾಣುತ್ತದೆ. ಅದು ಅಲೆ ಮತ್ತು ಉಬ್ಬರವಿಳಿತದ ಕೆಲಸ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಬಾರಿ ಉಬ್ಬರ ಬಂದರೆ, ಇಲ್ಲಿ ಸಾಮಾನ್ಯವಾಗಿ ಒಂದೇ ಬಾರಿ. ಲುವೊನ್ ಎಂಬ ಗುಹೆಯ ಕಮಾನಿನ ಕೆಳಗೆ ಸಣ್ಣ ದೋಣಿ ನುಗ್ಗಲು ಉಬ್ಬರದ ಸಮಯವೂ ಹೊಂದಬೇಕು. ಕಯಾಕಿಂಗ್ ವೇಳೆ ದಿನದಿಂದ ದಿನಕ್ಕೆ ಬದಲಾಗಲು ಇದೂ ಒಂದು ಕಾರಣ.

ಒಂದಲ್ಲ, ಮೂರು ಕೊಲ್ಲಿ

'ಹಾ ಲಾಂಗ್ ಕ್ರೂಸ್' ಎಂದು ಮಾರಾಟವಾಗುವ ಎಲ್ಲ ಹಡಗುಗಳೂ ಒಂದೇ ಕಡೆ ಹೋಗುವುದಿಲ್ಲ. ಒಂದಕ್ಕೊಂದು ಅಂಟಿಕೊಂಡ ಮೂರು ಜಾಗಗಳಿವೆ.

ಹಾ ಲಾಂಗ್ ಬೇ: ಹೆಸರಾಂತ ತಾಣಗಳೆಲ್ಲ ಇಲ್ಲೇ. ಬೃಹತ್ ಸುಂಗ್ ಸೋಟ್ ಗುಹೆ, ಟಿ ಟಾಪ್ ದ್ವೀಪ, ಲುವೊನ್ ಗುಹೆ ಈ ಮಾರ್ಗದಲ್ಲಿ ಸಿಗುತ್ತವೆ. ಮೊದಲ ಬಾರಿ ಹೋಗುವವರಿಗೆ, ಫೋಟೊದಲ್ಲಿ ನೋಡಿದ್ದನ್ನೇ ನೋಡಬೇಕೆನ್ನುವವರಿಗೆ ಇದು ಸರಿ. ಆದರೆ ಜನಸಂದಣಿ ಹೆಚ್ಚು.

ಲಾನ್ ಹಾ ಬೇ: ದಕ್ಷಿಣಕ್ಕೆ, ಕ್ಯಾಟ್ ಬಾ ದ್ವೀಪದ ಪಕ್ಕದಲ್ಲಿದೆ. ಆಡಳಿತ ಹೈ ಫಾಂಗ್‌ನದು. ಚಿಕ್ಕ ಚಿಕ್ಕ ಮರಳ ತೀರಗಳಿವೆ, ಕಯಾಕಿಂಗ್‌ಗೆ ಹೇಳಿ ಮಾಡಿಸಿದ ಜಾಗ. ಅಳಿವಿನಂಚಿನಲ್ಲಿರುವ ಕ್ಯಾಟ್ ಬಾ ಲಂಗೂರ್ ಎಂಬ ಮಂಗ ಜಗತ್ತಿನಲ್ಲಿ ಉಳಿದಿರುವುದು ಈ ದ್ವೀಪದಲ್ಲಿ ಮಾತ್ರ. ಅವುಗಳ ಸಂಖ್ಯೆ ನೂರಕ್ಕಿಂತ ಕಡಿಮೆ.

ಬಾಯ್ ತು ಲಾಂಗ್ ಬೇ: ಈಶಾನ್ಯ ಭಾಗ. ಹಡಗುಗಳು ಕಡಿಮೆ, ನಿಶ್ಶಬ್ದ ಹೆಚ್ಚು. ವುಂಗ್ ವಿಯೆಂಗ್ ಎಂಬ ತೇಲುವ ಮೀನುಗಾರರ ಹಳ್ಳಿಯನ್ನು ಇಲ್ಲಿ ನೋಡಬಹುದು. ತೇಲುವ ಹಳ್ಳಿಗಳ ಕುಟುಂಬಗಳನ್ನು 2014ರ ಸುಮಾರಿಗೆ ಸರ್ಕಾರ ದಡದ ಮನೆಗಳಿಗೆ ಸ್ಥಳಾಂತರಿಸಿತು. ಹೀಗಾಗಿ ಈಗ ಕಾಣುವುದು ಬಹುಮಟ್ಟಿಗೆ ಪ್ರವಾಸಿಗರಿಗಾಗಿ ಉಳಿಸಿಕೊಂಡ ಭಾಗ. ಬಿದಿರಿನ ದೋಣಿ ನಡೆಸುವವರಲ್ಲಿ ಹಿಂದೆ ಅಲ್ಲೇ ವಾಸವಿದ್ದವರೂ ಇದ್ದಾರೆ.

ಏಜೆಂಟರನ್ನು ಕೇಳಬೇಕಾದ ಮೊದಲ ಪ್ರಶ್ನೆ: "ಹಡಗು ಯಾವ ಕೊಲ್ಲಿಯಲ್ಲಿ ಲಂಗರು ಹಾಕುತ್ತದೆ?"

'2 ಹಗಲು' ಎಂದರೆ ಎಷ್ಟು ಗಂಟೆ?

ಹೆಸರಿನಲ್ಲಿ ಎರಡು ಹಗಲು ಇದ್ದರೂ ಹಡಗಿನಲ್ಲಿ ಸಿಗುವುದು ಒಂದು ದಿನಕ್ಕಿಂತ ಕಡಿಮೆ ಸಮಯ. ಸಾಮಾನ್ಯ ವೇಳಾಪಟ್ಟಿ ಹೀಗಿರುತ್ತದೆ.

ಬೆಳಿಗ್ಗೆ 8ರ ಸುಮಾರಿಗೆ ಹನೋಯ್ ಹೋಟೆಲ್‌ನಿಂದ ವಾಹನ ಹೊರಡುತ್ತದೆ. ಮಧ್ಯಾಹ್ನ 12ರ ಹೊತ್ತಿಗೆ ಜೆಟ್ಟಿಯಲ್ಲಿ ಹಡಗು ಹತ್ತಬೇಕು. ಪ್ರಯಾಣಿಕರ ಪಟ್ಟಿ ನೋಂದಾಯಿಸಲು ಪಾಸ್‌ಪೋರ್ಟ್ ವಿವರ ಪಡೆಯುತ್ತಾರೆ. ಊಟ ಮುಗಿಯುವಷ್ಟರಲ್ಲಿ ಹಡಗು ದ್ವೀಪಗಳ ನಡುವೆ ಇರುತ್ತದೆ. ಮಧ್ಯಾಹ್ನ ಕಯಾಕಿಂಗ್ ಅಥವಾ ಬಿದಿರು ದೋಣಿ, ಸಂಜೆ ಒಂದು ದ್ವೀಪ. ಸೂರ್ಯಾಸ್ತದ ನಂತರ ನಿಗದಿತ ಜಾಗದಲ್ಲಿ ಲಂಗರು. ರಾತ್ರಿ ಊಟದ ಬಳಿಕ ದೀಪ ಹಾಕಿ ಸ್ಕ್ವಿಡ್ ಹಿಡಿಯುವ ಆಟ.

ಮರುದಿನ 6ರ ಸುಮಾರಿಗೆ ಡೆಕ್ ಮೇಲೆ ತಾಯ್ ಚಿ, ಆಮೇಲೆ ಗುಹೆ. 9.30ರ ಹೊತ್ತಿಗೆ ಕೋಣೆ ಖಾಲಿ ಮಾಡಿಸುತ್ತಾರೆ. 11ರ ಒಳಗೆ ದಡ, ಮಧ್ಯಾಹ್ನ 2-3 ಗಂಟೆಗೆ ಹನೋಯ್.

ಇಷ್ಟಕ್ಕೆ ರಾತ್ರಿ ತಂಗಬೇಕೇ? ಹನೋಯ್‌ನಿಂದ ಒಂದೇ ದಿನದಲ್ಲಿ ಹೋಗಿ ಬಂದರೆ ಐದು ಗಂಟೆ ರಸ್ತೆಯಲ್ಲೇ ಕಳೆಯುತ್ತದೆ. ಹಗಲಿನ ದೋಣಿಗಳು ಸಂಜೆಗೆ ಮರಳುತ್ತವೆ. ಅವು ಹೋದ ಮೇಲಿನ ಮುಸ್ಸಂಜೆ ಮತ್ತು ಅವು ಬರುವ ಮುನ್ನಿನ ಮುಂಜಾನೆ ರಾತ್ರಿ ಉಳಿದವರಿಗೆ ಮಾತ್ರ ಸಿಗುತ್ತವೆ. ಕೊಡುವ ದುಡ್ಡಿನ ಬೆಲೆ ಇರುವುದು ಅಲ್ಲೇ. ಹಾಗಾಗಿ ಬೆಳಿಗ್ಗೆ ಐದೂವರೆಗೆ ಎದ್ದು ಡೆಕ್ ಹತ್ತಿ.

ಯಾವ ತಿಂಗಳು ಸೂಕ್ತ?

ಅಕ್ಟೋಬರ್ ಮತ್ತು ನವೆಂಬರ್ ಉತ್ತಮ: ಒಣ ಹವೆ, ತಿಳಿ ಆಕಾಶ. ಡಿಸೆಂಬರ್, ಜನವರಿಯಲ್ಲಿ ಚಳಿ ಇರುತ್ತದೆ, ಸ್ವೆಟರ್ ಬೇಕು. ಫೆಬ್ರವರಿ, ಮಾರ್ಚ್‌ನಲ್ಲಿ ತುಂತುರು ಮತ್ತು ಮಂಜು. ಬಂಡೆಗಳು ಮಂಜಿನಲ್ಲಿ ಸುಂದರವಾಗಿ ಕಂಡರೂ ದೂರದ ನೋಟ ಸಿಗದು. ಏಪ್ರಿಲ್‌ನಲ್ಲಿ ಮತ್ತೆ ಹದವಾದ ಹವೆ. ಮೇ ತಿಂಗಳಿಂದ ಸೆಕೆ ಏರುತ್ತದೆ.

ಜೂನ್‌ನಿಂದ ಸೆಪ್ಟೆಂಬರ್ ಚಂಡಮಾರುತದ ಕಾಲ. ಎಲ್ಲ ದಿನವೂ ಮಳೆ ಇರುವುದಿಲ್ಲ, ಬೆಲೆಯೂ ಇಳಿದಿರುತ್ತದೆ. ಆದರೆ ಪ್ರವಾಸ ರದ್ದಾಗುವ ಸಾಧ್ಯತೆ ಹೆಚ್ಚು. 2024ರ ಸೆಪ್ಟೆಂಬರ್‌ನಲ್ಲಿ ಯಾಗಿ ಚಂಡಮಾರುತ ನೇರವಾಗಿ ಈ ಕರಾವಳಿಗೇ ಅಪ್ಪಳಿಸಿ, ಲಂಗರು ಹಾಕಿದ್ದ ಹಲವು ದೋಣಿಗಳು ಮುಳುಗಿದ್ದವು.

ಸುರಕ್ಷತೆ: ಮರೆಯಬಾರದ ಎರಡು ದುರಂತ

ದ್ವೀಪಗಳು ಗೋಡೆಯಂತೆ ಅಡ್ಡ ನಿಂತಿರುವುದರಿಂದ ಕೊಲ್ಲಿಯೊಳಗೆ ಅಲೆಗಳು ಕಡಿಮೆ. ಹೆಚ್ಚಿನವರಿಗೆ ವಾಂತಿ, ತಲೆಸುತ್ತು ಬರುವುದಿಲ್ಲ. ಹಾಗೆಂದು ಅಪಾಯವೇ ಇಲ್ಲ ಎಂದುಕೊಳ್ಳಬೇಡಿ.

2011ರ ಫೆಬ್ರವರಿಯಲ್ಲಿ ಟಿ ಟಾಪ್ ಬಳಿ ಲಂಗರು ಹಾಕಿದ್ದ ಹಡಗೊಂದು ಬೆಳಗಿನ ಜಾವ ಪ್ರಯಾಣಿಕರು ಮಲಗಿದ್ದಾಗಲೇ ಮುಳುಗಿ 12 ಮಂದಿ ಸತ್ತರು. 2025ರ ಜುಲೈ 19ರಂದು ಹಠಾತ್ತನೆ ಎದ್ದ ಬಿರುಗಾಳಿ ಮಳೆಗೆ ಹಗಲು ಪ್ರವಾಸದ ದೋಣಿಯೊಂದು ಮಗುಚಿ 35ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಸತ್ತವರಲ್ಲಿ ಮಕ್ಕಳೂ ಇದ್ದರು. ಮೊದಲನೆಯದು ರಾತ್ರಿ, ಶಾಂತ ನೀರಿನಲ್ಲಿ. ಎರಡನೆಯದು ಹಗಲು, ಗಾಳಿಯಲ್ಲಿ.

ಹವಾಮಾನ ಕೆಟ್ಟಾಗ ಬಂದರು ಅಧಿಕಾರಿಗಳು ಹಡಗು ಹೊರಡಲು ಅನುಮತಿ ಕೊಡುವುದಿಲ್ಲ. ಕೊಲ್ಲಿಯಲ್ಲಿರುವ ಹಡಗುಗಳನ್ನು ಬೇಗ ವಾಪಸ್ ಕರೆಸುವುದೂ ಉಂಟು. ಅಂಥ ಹೊತ್ತಿನಲ್ಲಿ ಸಿಬ್ಬಂದಿಯ ಜೊತೆ ಜಗಳ ಬೇಡ.

ಇವಿಷ್ಟನ್ನು ಗಮನಿಸಿ:

- ಹಡಗು ರದ್ದಾದರೆ ಹಣ ಪೂರ್ತಿ ವಾಪಸೇ, ಭಾಗಶಃವೇ, ಬೇರೆ ದಿನಾಂಕ ಕೊಡುತ್ತಾರೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ.
- ಹಡಗು ಹತ್ತಿದ ಕೂಡಲೇ ಕೋಣೆಯಲ್ಲಿ ಲೈಫ್ ಜಾಕೆಟ್ ಎಲ್ಲಿದೆ, ಮಕ್ಕಳ ಅಳತೆಯದು ಇದೆಯೇ ನೋಡಿ.
- ಕೋಣೆಯಿಂದ ಡೆಕ್‌ಗೆ ಹೋಗುವ ದಾರಿಯನ್ನು ಮನೆಯವರೆಲ್ಲ ಒಮ್ಮೆ ನಡೆದು ನೋಡಿ. ಸಾಧ್ಯವಾದರೆ ಕೆಳ ಅಂತಸ್ತಿನ ಬದಲು ಮೇಲಿನ ಕೋಣೆ ಕೇಳಿ.
- ಸಣ್ಣ ದೋಣಿ ಮತ್ತು ಕಯಾಕ್‌ನಲ್ಲಿ ಲೈಫ್ ಜಾಕೆಟ್ ಬಿಚ್ಚಬೇಡಿ, ಫೋಟೊಗಾಗಿಯೂ ಬೇಡ.
- ಹಡಗು ಇಳಿಯುವ ದಿನವೇ ಭಾರತಕ್ಕೆ ವಾಪಸ್ ವಿಮಾನ ಬುಕ್ ಮಾಡಬೇಡಿ. ಒಂದು ರಾತ್ರಿ ಹನೋಯ್‌ನಲ್ಲಿ ಇಟ್ಟುಕೊಳ್ಳಿ.

ಕೊಲ್ಲಿಯೇ ಮುಚ್ಚಿದರೂ ಪ್ರವಾಸ ವ್ಯರ್ಥವಾಗಬೇಕಿಲ್ಲ. ಹನೋಯ್‌ನಿಂದ ದಕ್ಷಿಣಕ್ಕೆ ಸುಮಾರು 100 ಕಿ.ಮೀ. ದೂರದ ನಿನ್ ಬಿನ್‌ನಲ್ಲಿ ಇಂಥವೇ ಸುಣ್ಣಕಲ್ಲಿನ ಬೆಟ್ಟಗಳ ನಡುವೆ ಹುಟ್ಟು ಹಾಕುವ ದೋಣಿಗಳಿವೆ. ಅಲ್ಲಿನ ಟ್ರಾಂಗ್ ಆನ್ 2014ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಗಾಳಿ ಮಳೆ ನಿಂತ ಮೇಲೆ ಹೋಗಬಹುದು.

ಸಸ್ಯಾಹಾರಿಗಳ ಊಟ

ಹಡಗಿನ ಊಟದಲ್ಲಿ ಸೀಗಡಿ, ಸ್ಕ್ವಿಡ್, ಮೀನು ಪ್ರಧಾನ. ತರಕಾರಿ ಪಲ್ಯದಂತೆ ಕಾಣುವುದಕ್ಕೂ 'ನುಕ್ ಮಾಮ್' ಎಂಬ ಮೀನಿನ ಸಾಸ್ ಹಾಕಿರಬಹುದು. 'ವೆಜಿಟೇರಿಯನ್' ಎನ್ನುವುದಕ್ಕಿಂತ 'ಆನ್ ಚಾಯ್' ಎಂದರೆ ಅಡುಗೆಯವರಿಗೆ ಬೇಗ ತಿಳಿಯುತ್ತದೆ. ಬೌದ್ಧರು ಹುಣ್ಣಿಮೆ, ಅಮಾವಾಸ್ಯೆಯ ಸುಮಾರಿಗೆ ಮಾಡುವ ಸಸ್ಯಾಹಾರಕ್ಕೆ ಅಲ್ಲಿ ಇದೇ ಹೆಸರು. ಸಂಪ್ರದಾಯಸ್ಥರು ಅದಕ್ಕೆ ಈರುಳ್ಳಿ, ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ.

ಮೊಟ್ಟೆ ಬೇಡವಾದರೆ, ಜೈನ ಊಟ ಬೇಕಾದರೆ ಬುಕಿಂಗ್ ಸಮಯದಲ್ಲೇ ತಿಳಿಸಿ, ಹಡಗು ಹತ್ತಿದಾಗ ಮತ್ತೊಮ್ಮೆ ನೆನಪಿಸಿ. ದಡ ಬಿಟ್ಟ ಮೇಲೆ ಬೇರೆ ಹೋಟೆಲ್ ಇರುವುದಿಲ್ಲ. ಚಟ್ನಿಪುಡಿ, ಖಾಕ್ರಾ, ಅವಲಕ್ಕಿಯಂಥದ್ದು ಕೈಚೀಲದಲ್ಲಿ ಇದ್ದರೆ ಒಳ್ಳೆಯದು.

ಹಿರಿಯರು, ಮಕ್ಕಳು ಜೊತೆಗಿದ್ದರೆ

ಟಿ ಟಾಪ್ ದ್ವೀಪದ ತುದಿಗೆ 400ಕ್ಕೂ ಹೆಚ್ಚು ಕಡಿದಾದ ಮೆಟ್ಟಿಲುಗಳಿವೆ. ಸುಂಗ್ ಸೋಟ್ ಗುಹೆಯಲ್ಲೂ ನೂರಾರು ಮೆಟ್ಟಿಲು, ಕೆಲವೆಡೆ ಜಾರುತ್ತವೆ. ಮಂಡಿನೋವು ಇರುವವರು ಟಿ ಟಾಪ್‌ನಲ್ಲಿ ಕೆಳಗಿನ ಮರಳ ತೀರದಲ್ಲೇ ಕೂರಬಹುದು. ಆ ದ್ವೀಪಕ್ಕೆ ಹೆಸರು ಬಂದದ್ದು ಸೋವಿಯತ್ ಗಗನಯಾತ್ರಿ ಗೆರ್ಮನ್ ಟಿಟೋವ್ ಅವರಿಂದ. ಅವರು 1962ರಲ್ಲಿ ಹೋ ಚಿ ಮಿನ್ ಜೊತೆ ಇಲ್ಲಿಗೆ ಬಂದಿದ್ದರು.

ದೊಡ್ಡ ಸೂಟ್‌ಕೇಸ್ ಹನೋಯ್ ಹೋಟೆಲ್‌ನಲ್ಲೇ ಬಿಟ್ಟು ಒಂದು ಬ್ಯಾಗ್ ಒಯ್ಯಿರಿ. ನಿತ್ಯದ ಮಾತ್ರೆಗಳು ಕೈಯಲ್ಲೇ ಇರಲಿ.

ವೀಸಾ ಮತ್ತು ಹಣ

ಭಾರತೀಯರಿಗೆ ವೀಸಾ ಬೇಕು. ವಿಯೆಟ್ನಾಂ ಸರ್ಕಾರದ ಅಧಿಕೃತ ಜಾಲತಾಣದಲ್ಲಿ ಇ-ವೀಸಾ ಸಿಗುತ್ತದೆ. 2023ರ ಆಗಸ್ಟ್‌ನಿಂದ ಅದರ ಅವಧಿ 90 ದಿನದವರೆಗೆ. ಒಂದು ಬಾರಿಯ ಪ್ರವೇಶಕ್ಕೆ 25 ಡಾಲರ್, ಹಲವು ಬಾರಿಯದಕ್ಕೆ 50 ಡಾಲರ್ ಶುಲ್ಕ. ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಇರಬೇಕು, ಒಂದಕ್ಷರ ತಪ್ಪಿದರೂ ವಿಮಾನ ನಿಲ್ದಾಣದಲ್ಲಿ ತೊಂದರೆ.

ಕ್ರೂಸ್ ದರ ಹಡಗು ಮತ್ತು ತಿಂಗಳಿನ ಮೇಲೆ ಬದಲಾಗುತ್ತದೆ. ಹನೋಯ್‌ನಿಂದ ವಾಹನ, ಪ್ರವೇಶ ಶುಲ್ಕ, ಕಯಾಕ್, ನಾಲ್ಕೂ ಹೊತ್ತಿನ ಊಟ ಸೇರಿದೆಯೇ ಕೇಳಿ. ಪಾನೀಯಗಳಿಗೆ ಸಾಮಾನ್ಯವಾಗಿ ಬೇರೆ ಬಿಲ್. ವಿಯೆಟ್ನಾಂನ 2 ಲಕ್ಷ ಡಾಂಗ್ ನೋಟು ಕೈಗೆ ಬಂದಾಗ ತಿರುಗಿಸಿ ನೋಡಿ, ಅದರ ಮೇಲಿರುವುದು ಇದೇ ಕೊಲ್ಲಿಯ ಧೂಪದಾನಿ ಆಕಾರದ ಬಂಡೆ.

2019ರಿಂದ ಕೊಲ್ಲಿಯ ಪ್ರವಾಸಿ ದೋಣಿಗಳಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ನಿಷೇಧವಿದೆ. ನೀರಿನ ಬಾಟಲಿ ಮನೆಯಿಂದಲೇ ಒಯ್ಯಿರಿ, ತಿಂಡಿಯ ಖಾಲಿ ಪ್ಯಾಕೆಟ್‌ಗಳನ್ನು ಬ್ಯಾಗ್‌ನಲ್ಲೇ ವಾಪಸ್ ತನ್ನಿ.

ಒಂದು ರಾತ್ರಿ ಸಾಕೇ?

ಐದಾರು ದಿನದ ವಿಯೆಟ್ನಾಂ ಪ್ರವಾಸಕ್ಕೆ ಒಂದು ರಾತ್ರಿ ಸಾಕು. ಕಯಾಕಿಂಗ್ ಇಷ್ಟಪಡುವವರು, ಗಡಿಬಿಡಿ ಬೇಡ ಎನ್ನುವವರು ಎರಡು ರಾತ್ರಿ ಇದ್ದರೆ ನಡುವಿನ ಒಂದು ಇಡೀ ದಿನ ನೀರಿನ ಮೇಲೆ ಸಿಗುತ್ತದೆ. ಎಷ್ಟೇ ರಾತ್ರಿ ಇರಲಿ, ಕೊಲ್ಲಿ, ತಿಂಗಳು, ರದ್ದತಿಯ ನಿಯಮ ಈ ಮೂರನ್ನು ಮೊದಲು ಖಚಿತಪಡಿಸಿಕೊಳ್ಳಿ. ಬಾಲ್ಕನಿಯ ವಿಚಾರ ಆಮೇಲೆ ನೋಡಿದರಾಯಿತು.